ಎಚ್‌ಡಿಸಿಪಿ: ಕೀಲಿ ಕಳಿಸದೆಯೇ ಎರಡೂ ಕಡೆ ಒಂದೇ ಕೀಲಿ ಹೇಗೆ ಬರುತ್ತದೆ?

ಪ್ಲೇಯರ್‌ನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್‌ನಲ್ಲಿ ಹೋಗುವ ಚಿತ್ರವನ್ನು ನಡುವೆ ಯಾರೂ ಕಾಪಿ ಮಾಡಿಕೊಳ್ಳಬಾರದು ಅಂತ ಇಂಟೆಲ್ ಮಾಡಿದ ಬೀಗ ಎಚ್‌ಡಿಸಿಪಿ. ಈ ಟಿಪ್ಪಣಿ ಹಳೆಯ 1ನೇ ಸರಣಿಯದ್ದು.

ಪ್ರತಿ ಸಾಧನದ ಒಳಗೆ 40 ಗುಟ್ಟಿನ ಕೀಲಿಗಳಿರುತ್ತವೆ, ಒಂದೊಂದೂ 56 ಬಿಟ್. ಜೊತೆಗೆ ಕೆಎಸ್‌ವಿ ಅನ್ನುವ 40 ಬಿಟ್ ಸಂಖ್ಯೆ, ಅದರಲ್ಲಿ 20 ಕಡೆ 1, 20 ಕಡೆ 0. ಕೆಎಸ್‌ವಿ ಗುಟ್ಟಲ್ಲ. ಕೇಬಲ್ ಸಿಕ್ಕಿಸಿದಾಗ ಇಬ್ಬರೂ ಬದಲಾಯಿಸಿಕೊಳ್ಳುವುದು ಅದನ್ನೇ. ಆಮೇಲೆ ಕೆಲವು ಕೀಲಿಗಳನ್ನು ಆರಿಸಿ ಕೂಡಿದರೆ ಇಬ್ಬರಿಗೂ ಒಂದೇ ಮೊತ್ತ ಬರುತ್ತದೆ.

ನಾನು ಎರಡು ದಿನ ತಲೆ ಕೆರೆದುಕೊಂಡಿದ್ದು ಇಲ್ಲೇ. ಸಣ್ಣ ಲೆಕ್ಕ ಹಾಕಿದ ಮೇಲೇ ಬಗೆಹರಿಯಿತು. ಕೀಲಿ ಕೊಡುವ ಸಂಸ್ಥೆಯ ಬಳಿ ಒಂದು ಗುಟ್ಟಿನ ಕೋಷ್ಟಕ ಇದೆ. ನಿಜವಾದದ್ದು 40×40, ನಮ್ಮದು 3×3 ಸಾಕು:

2 5 1
5 3 7
1 7 4

ಪ್ಲೇಯರ್‌ನ ಕೆಎಸ್‌ವಿ 110 ಅಂದುಕೊಳ್ಳಿ. 1 ಇರುವ ಕಡೆಯ ಸಾಲುಗಳನ್ನು, ಅಂದರೆ 1 ಮತ್ತು 2ನೇ ಸಾಲು ಕೂಡಿದರೆ ಅದರ ಕೀಲಿಗಳು: 7, 8, 8. ಟಿವಿಯದ್ದು 011. 2 ಮತ್ತು 3ನೇ ಸಾಲು ಕೂಡಿದರೆ 6, 10, 11. ಇದಿಷ್ಟೂ ಕಾರ್ಖಾನೆಯಲ್ಲೇ ಮುಗಿದಿರುತ್ತದೆ.

ನಾನು ಮಾಡಿದ ತಪ್ಪು ನೋಡಿ. ಅವರವರ ಕೆಎಸ್‌ವಿ ಹಿಡಿದು ಅವರವರ ಕೀಲಿ ಆರಿಸಿದೆ. ಪ್ಲೇಯರ್‌ಗೆ 7+8=15, ಟಿವಿಗೆ 10+11=21. ತಾಳೆಯಾಗಲಿಲ್ಲ! ಆರಿಸಬೇಕಾದದ್ದು ಎದುರಿನವರ ಕೆಎಸ್‌ವಿ ನೋಡಿ. ಟಿವಿಯ 011 ನೋಡಿ ಪ್ಲೇಯರ್ ತನ್ನ 2, 3ನೇ ಕೀಲಿ ಕೂಡುತ್ತದೆ: 8+8=16. ಪ್ಲೇಯರ್‌ನ 110 ನೋಡಿ ಟಿವಿ ತನ್ನ 1, 2ನೇ ಕೀಲಿ ಕೂಡುತ್ತದೆ: 6+10=16. ಬಂತಲ್ವಾ!

ಇದು ಕಾಕತಾಳೀಯ ಅಲ್ಲ. ಕೋಷ್ಟಕದಲ್ಲಿ 1ನೇ ಸಾಲಿನ 2ನೇ ಮನೆಯೂ 2ನೇ ಸಾಲಿನ 1ನೇ ಮನೆಯೂ ಒಂದೇ, 5. ಉಳಿದವೂ ಹಾಗೇ. ಹಾಗಾಗಿ ಒಬ್ಬರು ಅಡ್ಡಕ್ಕೆ, ಇನ್ನೊಬ್ಬರು ಉದ್ದಕ್ಕೆ ಎಣಿಸಿದರೂ ಕೂಡುವುದು ಅದೇ ನಾಲ್ಕು ಅಂಕಿ: 5, 1, 3, 7.

ಉಳಿದದ್ದು ಸುಲಭ. ಈ ಮೊತ್ತಕ್ಕೆ ಪ್ಲೇಯರ್ ಕಳಿಸಿದ 64 ಬಿಟ್‌ನ ಯಾದೃಚ್ಛಿಕ ಸಂಖ್ಯೆಯೂ ಸೇರಿ ಪಿಕ್ಸೆಲ್‌ಗಳನ್ನು ಕಲಸುವ ಬಿಟ್‌ಗಳು ಹುಟ್ಟುತ್ತವೆ. ಪ್ರತಿ 128 ಫ್ರೇಮ್‌ಗೊಮ್ಮೆ ಇಬ್ಬರ ಲೆಕ್ಕವೂ ಕೂಡುತ್ತಿದೆಯಾ ಅಂತ ಪ್ಲೇಯರ್ ತಾಳೆ ನೋಡುತ್ತದೆ.

ಆದರೆ ಎಲ್ಲ ಬರೀ ಕೂಡಿಸುವ ಲೆಕ್ಕ ಅಲ್ವಾ, ದೌರ್ಬಲ್ಯವೂ ಅದೇ. ಸುಮಾರು 40 ಸಾಧನಗಳ ಕೀಲಿ ಸಿಕ್ಕರೆ ಇಡೀ ಕೋಷ್ಟಕವನ್ನೇ ಬಿಡಿಸಬಹುದು ಅಂತ ಸಂಶೋಧಕರು 2001ರಲ್ಲೇ ತೋರಿಸಿದ್ದರು. 2010ರಲ್ಲಿ ಆ ಕೋಷ್ಟಕ ಇಂಟರ್ನೆಟ್‌ಗೆ ಬಂದೇಬಿಟ್ಟಿತು. ಅಸಲಿಯೇ ಅಂತ ಇಂಟೆಲ್ ಒಪ್ಪಿಕೊಂಡಿತು. 2ನೇ ಸರಣಿಯಲ್ಲಿ ಈ ಲೆಕ್ಕವೇ ಇಲ್ಲ, ಆರ್‌ಎಸ್‌ಎ ಮತ್ತು ಎಇಎಸ್ ಅನ್ನುವ ಗೂಢಲಿಪಿ ವಿಧಾನಗಳು ಬಂದಿವೆ.

ನಮ್ಮ 3×3 ಕೋಷ್ಟಕಕ್ಕೆ ಮೂರೇ ಸಾಧನ ಸಾಕು. ಮೂರನೆಯದರ ಕೆಎಸ್‌ವಿ 101, ಕೀಲಿಗಳು 3, 12, 5. ಪ್ಲೇಯರ್‌ನದ್ದಕ್ಕೆ ಇದನ್ನು ಕೂಡಿ, ಟಿವಿಯದ್ದನ್ನು ಕಳೆಯಿರಿ: 4, 10, 2. ಅರ್ಧ ಮಾಡಿದರೆ 2, 5, 1. ಮೊದಲ ಸಾಲು ಕೈಗೆ ಬಂತು.