ರಿವರ್ಸ್ ಕ್ಯಾಮೆರಾ: ಕೆಲಸವೆಲ್ಲ ಇರೋದು ವೈರ್‌ನಲ್ಲಿ

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಸೀಸನ್ ಜೋರಾದರೆ ಅದು ನನಗೆ ಅಂಗಡಿಯಲ್ಲೇ ಗೊತ್ತಾಗುತ್ತದೆ. ಬರುವ ಗಾಡಿಗಳಲ್ಲಿ ಒಂದರ ಬಂಪರ್ ಒಳಗೆ ಹೋಗಿರುತ್ತದೆ, ಇನ್ನೊಂದರ ಟೈಲ್ ಲ್ಯಾಂಪ್ ಒಡೆದಿರುತ್ತದೆ. ಬೆಳಗಿನ ಜಾವ ಮಂಡಿ ಮುಂದೆ ಜಾಗವೇ ಇರುವುದಿಲ್ಲ. ಹಿಂದೆ ಕ್ರೇಟುಗಳ ಸಾಲು, ಹಮಾಲರು, ಬೈಕುಗಳು. ವ್ಯಾನ್ ತುಂಬ ಸರಕಿದ್ದರೆ ಒಳಗಿನ ಕನ್ನಡಿ ಇದ್ದೂ ಇಲ್ಲದ ಹಾಗೆ. ಪಕ್ಕದ ಕನ್ನಡಿಗಳಲ್ಲಿ ಪಕ್ಕ ಮಾತ್ರ ಕಾಣುತ್ತದೆ. ಡಿಕ್ಕಿ ಬಾಗಿಲಿನ ನೇರ ಹಿಂದೆ ಒಂದು ಮಗು ಕೂತಿದ್ದರೂ ಡ್ರೈವರ್‌ಗೆ ಕಾಣುವುದಿಲ್ಲ. ಬಂಪರ್ ಆದರೆ ತಟ್ಟಿ ನೇರ ಮಾಡಬಹುದು. ನನ್ನ ಚಿಂತೆ ಇರುವುದು ಆ ಮಗುವಿನದು.

ನಮ್ಮಲ್ಲಿ 2019ರ ಜುಲೈ 1ರಿಂದ ತಯಾರಾಗುವ ಕಾರುಗಳಿಗೆ ಹಿಂಬದಿ ಸೆನ್ಸರ್ ಕಡ್ಡಾಯ. ಅಮೆರಿಕದಲ್ಲಿ 2018ರ ಮೇ ತಿಂಗಳಿಂದ ಹೊಸ ಕಾರುಗಳಿಗೆ ಕ್ಯಾಮೆರಾವೇ ಕಡ್ಡಾಯ. ಆದರೆ ನಮ್ಮ ಊರುಗಳಲ್ಲಿ ದುಡಿಯುತ್ತಿರುವ ಹಳೆಯ ಓಮ್ನಿ, ಈಕೋಗಳಲ್ಲಿ ಎರಡೂ ಇಲ್ಲ. ಹಾಗಾಗಿ "ಅಣ್ಣಾ, ಕ್ಯಾಮೆರಾ ನಾನೇ ಹಾಕ್ಕೋಬಹುದಾ?" ಅಂತ ಯಾರಾದರೂ ಕೇಳಿದರೆ ನನಗೆ ಖುಷಿಯಾಗುತ್ತದೆ. ಖಂಡಿತ ಹಾಕಿಕೊಳ್ಳಬಹುದು. ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ಒಂದು ಮಲ್ಟಿಮೀಟರ್, ಡ್ರಿಲ್, ಗಾಡಿಯ ಒಳಮೈ ಮುಚ್ಚಿರುವ ಪ್ಲಾಸ್ಟಿಕ್ ಪಟ್ಟಿ ಬಿಚ್ಚುವ ಸಾಮಾನು, ಬೆಸುಗೆ ಸಾಮಾನು, ಒಂದಷ್ಟು ಕೇಬಲ್ ಟೈ ಸಾಕು.

ಕೊಳ್ಳುವಾಗ ಎರಡು ವಿಷಯ ನೋಡಿ. ಮೊದಲನೆಯದು ವೋಲ್ಟೇಜ್. ಓಮ್ನಿ, ಈಕೋಗಳದ್ದು 12 ವೋಲ್ಟ್. ದೊಡ್ಡ ಲಾರಿ, ಬಸ್ಸುಗಳದ್ದು ಸಾಮಾನ್ಯವಾಗಿ 24 ವೋಲ್ಟ್. ಬರೀ 12 ವೋಲ್ಟಿನ ಕ್ಯಾಮೆರಾವನ್ನು ಅದಕ್ಕೆ ಕೊಟ್ಟರೆ ಸುಟ್ಟುಹೋಗುತ್ತದೆ. ಎರಡನೆಯದು, ಕ್ಯಾಮೆರಾ ಮತ್ತು ಸ್ಕ್ರೀನ್ ಒಂದೇ ಭಾಷೆ ಆಡಬೇಕು. ಎಎಚ್‌ಡಿ, ಅಂದರೆ ಹೆಚ್ಚು ಸ್ಪಷ್ಟ ಚಿತ್ರ ಕೊಡುವ ಕ್ಯಾಮೆರಾವನ್ನು ಸಾದಾ ಸಿಗ್ನಲ್ ಮಾತ್ರ ತಿಳಿಯುವ ಹಳೆಯ ಸ್ಕ್ರೀನ್‌ಗೆ ಹಾಕಿದರೆ ಚಿತ್ರ ಸರಿಯಾಗಿ ಬರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಕ್ಯಾಮೆರಾ ಒಂದು ಅಂಗಡಿಯಲ್ಲಿ, ಸ್ಕ್ರೀನ್ ಇನ್ನೊಂದು ಅಂಗಡಿಯಲ್ಲಿ ತಂದವರು ಜಾಸ್ತಿ ಒದ್ದಾಡುವುದು ಇಲ್ಲೇ. ವೈರ್‌ಲೆಸ್ ಒಳ್ಳೆಯದಲ್ವಾ ಅಂತಲೂ ಕೇಳುತ್ತಾರೆ. ಅದರಲ್ಲೂ ಕ್ಯಾಮೆರಾಗೆ ಕರೆಂಟ್ ವೈರ್ ಎಳೆಯಲೇಬೇಕು. ಜೊತೆಗೆ ತಗಡಿನ ಬಾಡಿಯೊಳಗೆ ಚಿತ್ರ ಆಗಾಗ ಕಡಿದುಹೋಗುತ್ತದೆ. ನಾನು ವೈರಿನದನ್ನೇ ಹಾಕುತ್ತೇನೆ.

ತಂದ ತಕ್ಷಣ ಗಾಡಿಗೆ ಕೈ ಹಾಕಬೇಡಿ. ಕ್ಯಾಮೆರಾ, ಕೇಬಲ್, ಸ್ಕ್ರೀನ್ ಮೂರನ್ನೂ ಬ್ಯಾಟರಿ ಪಕ್ಕ ನೆಲದ ಮೇಲಿಟ್ಟು ಜೋಡಿಸಿ, ಚಿತ್ರ ಬರುತ್ತದಾ ನೋಡಿ. ಹತ್ತು ನಿಮಿಷದ ಕೆಲಸ. ಕೇಬಲ್ ಕೆಟ್ಟಿದ್ದರೆ ಈಗಲೇ ತಿಳಿಯುತ್ತದೆ, ಎಲ್ಲ ಪಟ್ಟಿ ಹಾಕಿ ಮುಗಿಸಿದ ಮೇಲಲ್ಲ.

ಕ್ಯಾಮೆರಾಗೆ ಒಳ್ಳೆಯ ಜಾಗ ನಂಬರ್ ಪ್ಲೇಟಿನ ಮೇಲೆ, ನಡುಮಧ್ಯ. ಸಣ್ಣ ತೂತಿನಿಂದ ಶುರು ಮಾಡಿ ಆಮೇಲೆ ದೊಡ್ಡದು ಮಾಡಿ. ಡ್ರಿಲ್ ಹಾಕುವ ಮುಂಚೆ ಒಳಗಿನ ಪಟ್ಟಿ ಬಿಚ್ಚಿ, ಹಿಂದೆ ಏನಿದೆ ಅಂತ ಕಣ್ಣಾರೆ ನೋಡಿ. ಕೊರೆದ ಅಂಚಿಗೆ ಪ್ರೈಮರ್ ಬಳಿಯಿರಿ, ರಬ್ಬರ್ ಬುಷ್ ಕೂರಿಸಿ. ಬರಿಯ ತಗಡು ಒಂದು ಮಳೆಗಾಲದಲ್ಲೇ ತುಕ್ಕು ಹಿಡಿಯುತ್ತದೆ. ಟಾಟಾ ಏಸ್‌ನಂಥ ಗಾಡಿ ಇದ್ದವರು ಹಿಂದಿನ ಡಾಲಾಗೆ, ಅಂದರೆ ಕೆಳಗೆ ಇಳಿಸುವ ಬಾಗಿಲಿಗೆ, ಕ್ಯಾಮೆರಾ ಹಾಕಲೇಬಾರದು. ಡಾಲಾ ಇಳಿಸಿದ ಮೊದಲ ದಿನವೇ ಜಜ್ಜಿಹೋಗುತ್ತದೆ. ಕೆಳಗಿನ ಫ್ರೇಮಿಗೆ ಹಾಕಿ.

ಇನ್ನು ವೈರ್. ರಿಪೇರಿಗೆ ಬಂದ ಕ್ಯಾಮೆರಾಗಳಲ್ಲಿ ಕ್ಯಾಮೆರಾವೇ ಕೆಟ್ಟಿದ್ದನ್ನು ನಾನು ನೋಡಿದ್ದು ಕಡಿಮೆ. ಕೆಡುವುದು ಡಿಕ್ಕಿ ಬಾಗಿಲಿನ ಕೀಲಿನ ಹತ್ತಿರ. ಬಾಗಿಲಿನಿಂದ ಗಾಡಿಯ ಬಾಡಿಯೊಳಗೆ ವೈರ್ ದಾಟುವಲ್ಲಿ ಒಂದು ರಬ್ಬರ್ ಕೊಳವೆ ಇರುತ್ತದೆ. ಕಂಪನಿಯ ವೈರ್‌ಗಳೆಲ್ಲ ಅದರೊಳಗೇ ಹೋಗುತ್ತವೆ. ನಿಮ್ಮ ಕೇಬಲ್ಲೂ ಅದರೊಳಗೇ ಹೋಗಬೇಕು. ಕಷ್ಟದ ಕೆಲಸ, ನಿಜ. ಕೊಳವೆಯ ಎರಡೂ ತುದಿ ಬಿಡಿಸಿ, ಗಟ್ಟಿ ತಂತಿಯೊಂದನ್ನು ತೂರಿಸಿ, ಕೇಬಲ್ ತುದಿಯನ್ನು ಅದಕ್ಕೆ ಟೇಪಿನಿಂದ ಕಟ್ಟಿ, ಸ್ವಲ್ಪ ಸೋಪಿನ ನೀರು ಸವರಿ ಎಳೆಯಿರಿ. ದಪ್ಪ ಪ್ಲಗ್ ಇರುವ ತುದಿ ಬೇಡ, ಸಣ್ಣ ತುದಿಯನ್ನು ತೂರಿಸಿ.

ಶುರುವಿನ ದಿನಗಳಲ್ಲಿ ನಾನು ಒಂದು ಓಮ್ನಿಗೆ ಕೊಳವೆಯ ಹೊರಗಿನಿಂದಲೇ ವೈರ್ ಎಳೆದು, ಅಂದವಾಗಿರಲಿ ಅಂತ ಬಿಗಿಯಾಗಿ ಕಟ್ಟಿದ್ದೆ. ತಿಂಗಳು ಕಳೆಯುವುದರೊಳಗೆ ಡ್ರೈವರ್ ವಾಪಸ್ ಬಂದರು. "ಬಾಗಿಲು ತೆಗೆದ್ರೆ ಚಿತ್ರ ಬರುತ್ತೆ, ಮುಚ್ಚಿದ್ರೆ ಹೋಗುತ್ತೆ" ಅಂದರು. ಮೇಲಿನ ಕವಚ ಹಾಗೇ ಇತ್ತು, ಒಳಗೆ ತಾಮ್ರದ ಎಳೆ ತುಂಡಾಗಿತ್ತು. ಅದು ಶಾಲೆ ಮಕ್ಕಳನ್ನು ಕರೆದೊಯ್ಯುವ ಗಾಡಿ. ಅಷ್ಟು ದಿನ ಅವರು ನನ್ನ ಕೆಲಸ ನಂಬಿ ಹಿಂದಕ್ಕೆ ಹೋಗುತ್ತಿದ್ದರು ಅನ್ನೋದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ. ಅವತ್ತಿನಿಂದ ಕೀಲಿನ ಹತ್ತಿರ ನಾಲ್ಕು ಬೆರಳಿನಷ್ಟು ವೈರ್ ಸಡಿಲ ಬಿಡುತ್ತೇನೆ.

ಅಲ್ಲಿಂದ ಮುಂದಕ್ಕೆ ಒಳಗಿನ ಪಟ್ಟಿಗಳ ಕೆಳಗೇ ಬನ್ನಿ. ಗಾಡಿಯ ಅಡಿಯಿಂದ ಬೇಡ, ಅಲ್ಲಿ ಸೈಲೆನ್ಸರ್ ಬಿಸಿ ಇದೆ, ಪೆಟ್ರೋಲ್ ಪೈಪ್ ಇದೆ, ಕೆಲವು ಗಾಡಿಗಳಲ್ಲಿ ಗ್ಯಾಸ್ ಪೈಪೂ ಇದೆ. ಹಳದಿ ಕವಚದ ವೈರ್ ಕಂಡರೆ ಅದು ಏರ್‌ಬ್ಯಾಗಿನದು, ಮುಟ್ಟಬೇಡಿ.

ಕರೆಂಟ್ ಕೊಡುವ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಿಡಿ. ಪರೀಕ್ಷೆಗೆ ಮಾತ್ರ ಮತ್ತೆ ಹಾಕಿ. ಕ್ಯಾಮೆರಾಗೆ ಕರೆಂಟ್ ಬರುವುದು ರಿವರ್ಸ್ ಲೈಟಿನಿಂದ. ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಹ್ಯಾಂಡ್‌ಬ್ರೇಕ್ ಎಳೆದು ರಿವರ್ಸ್ ಗೇರ್ ಹಾಕಿ. ಆಗ ಮಾತ್ರ 12 ವೋಲ್ಟ್ ತೋರಿಸುವ ವೈರ್ ಯಾವುದು ಅಂತ ಮೀಟರಿನಲ್ಲಿ ನೋಡಿ. ಬಣ್ಣ ನಂಬಬೇಡಿ, ಮೀಟರ್ ನಂಬಿ. ಲೈಟಿಗೆ ಭಾರ ಬೀಳುತ್ತದೆ ಅನ್ನೋ ಹೆದರಿಕೆ ಬೇಡ. 21 ವಾಟ್ ಬಲ್ಬ್ ಸುಮಾರು 1.75 ಆಂಪಿಯರ್ ಎಳೆಯುತ್ತದೆ. ಸಣ್ಣ ಕ್ಯಾಮೆರಾ ಎಳೆಯುವುದು ಅದರಲ್ಲಿ ಒಂದು ಚೂರು. ಆದರೂ 1 ಆಂಪಿಯರ್ ಫ್ಯೂಸ್ ಹಾಕಿ. ಸುಮ್ನೆ ತಿರುವಿ ಟೇಪ್ ಸುತ್ತಬೇಡಿ. ಬೆಸುಗೆ ಹಾಕಿ ಸ್ಲೀವ್ ಹಾಕಿ.

ಕ್ಯಾಮೆರಾದ ಕಪ್ಪು ವೈರನ್ನು ಗಾಡಿಯ ತಗಡಿಗೆ ಅರ್ತ್ ಕೊಡಿ. ಬಣ್ಣದ ಮೇಲೆ ಸ್ಕ್ರೂ ಬಿಗಿದರೆ ಅರ್ತ್ ಸಿಗುವುದಿಲ್ಲ. ಬಣ್ಣ ಕೆರೆದು, ತಗಡು ಹೊಳೆಯುವ ಹಾಗೆ ಮಾಡಿ ಬಿಗಿಯಿರಿ. ಸ್ಕ್ರೀನಿನಲ್ಲಿ ಗೆರೆಗಳು ಓಡುತ್ತಿವೆ, ಚಿತ್ರ ನಡುಗುತ್ತಿದೆ ಅಂದರೆ ಮೊದಲು ನೋಡಬೇಕಾದ್ದು ಇದನ್ನೇ.

ವಿಡಿಯೊ ಕೇಬಲ್ಲಿನ ಎರಡೂ ತುದಿಯಲ್ಲಿ ಹಳದಿ ಪ್ಲಗ್ ಪಕ್ಕ ಒಂದು ತೆಳು ಕೆಂಪು ವೈರ್ ಇದ್ದರೆ, ಅದನ್ನು ಕತ್ತರಿಸಿ ಎಸೆಯುವವರಿದ್ದಾರೆ. ಅದೇ ಟ್ರಿಗ್ಗರ್. ಹಿಂದಿನ ತುದಿಯನ್ನು ರಿವರ್ಸ್ ಲೈಟಿನ ಪಾಸಿಟಿವ್‌ಗೆ, ಮುಂದಿನ ತುದಿಯನ್ನು ಸ್ಕ್ರೀನಿನ ರಿವರ್ಸ್ ವೈರ್‌ಗೆ ಕೊಡಿ. ಗೇರ್ ಹಾಕಿದ ಕೂಡಲೇ ಸ್ಕ್ರೀನ್ ತಾನಾಗಿ ಬದಲಾಗುತ್ತದೆ. ಸ್ಕ್ರೀನಿಗೆ ಕರೆಂಟನ್ನು ಕೀ ತಿರುಗಿಸಿದಾಗ ಮಾತ್ರ ಬರುವ ಲೈನಿನಿಂದ ಕೊಡಿ. ನೇರ ಬ್ಯಾಟರಿಯಿಂದ ಕೊಟ್ಟರೆ ನಾಲ್ಕು ದಿನ ನಿಂತ ಗಾಡಿ ಸ್ಟಾರ್ಟ್ ಆಗದೆ ಇರಬಹುದು.

ಪಟ್ಟಿಗಳನ್ನು ಹಾಕುವ ಮುಂಚೆ ಮನೆಯಲ್ಲಿ ಯಾರನ್ನಾದರೂ ಗಾಡಿ ಹಿಂದೆ ನಿಲ್ಲಿಸಿ. ಎಂಜಿನ್ ಆಫ್ ಇರಲಿ, ಕೀ ಮಾತ್ರ ಆನ್. ಅವರು ಗಾಡಿಯ ಬಲಕ್ಕೆ ಹೋದರೆ ಸ್ಕ್ರೀನಿನಲ್ಲೂ ಬಲಕ್ಕೇ ಹೋಗಬೇಕು. ಉಲ್ಟಾ ಇದ್ದರೆ ಸ್ಕ್ರೀನಿನ ಸೆಟ್ಟಿಂಗಿನಲ್ಲಿ ಬದಲಿಸಿ. ಕೆಲವು ಕ್ಯಾಮೆರಾಗಳಲ್ಲಿ ಇದಕ್ಕೇ ಅಂತ ಕತ್ತರಿಸುವ ಒಂದು ಸಣ್ಣ ವೈರ್ ಕುಣಿಕೆ ಇರುತ್ತದೆ, ಪೊಟ್ಟಣದ ಮೇಲೆ ಬರೆದಿರುತ್ತಾರೆ. ಇದನ್ನು ಸರಿ ಮಾಡದೆ ರಸ್ತೆಗೆ ಇಳಿಯಲೇಬೇಡಿ. ಎಡಕ್ಕೆ ತಿರುಗಿಸಬೇಕಾದ ಕೈ ಬಲಕ್ಕೆ ತಿರುಗಿಸಿಬಿಡುತ್ತದೆ.

ಆಮೇಲೆ ಒಂದು ಖಾಲಿ ಟೊಮೆಟೊ ಕ್ರೇಟ್ ತಗೊಳ್ಳಿ. ಬಂಪರಿನಿಂದ ಟೇಪಿನಲ್ಲಿ ಅಳೆದು 1 ಮೀಟರ್ ದೂರದಲ್ಲಿಡಿ. ದೂರ ತೋರಿಸಲು ಸ್ಕ್ರೀನಿನಲ್ಲಿ ಬರುವ ಗೆರೆಗಳಲ್ಲಿ ಕೆಂಪು ಗೆರೆ ಎಲ್ಲಿ ಬೀಳುತ್ತದೆ ನೋಡಿ. ಆ ಗೆರೆಗಳನ್ನು ಬರೆದಿರುವುದು ನಿಮ್ಮ ಗಾಡಿಯ ಎತ್ತರ ನೋಡಿ ಅಲ್ಲ. ಅಗಲ ಲೆನ್ಸ್‌ನಲ್ಲಿ ಹತ್ತಿರ ಇರುವುದೂ ದೂರ ಇದ್ದ ಹಾಗೆ ಕಾಣುತ್ತದೆ. ಕ್ರೇಟನ್ನು ಅರ್ಧ ಮೀಟರಿಗೆ ತಂದು ಇನ್ನೊಮ್ಮೆ ನೋಡಿ, ಎರಡೂ ಜಾಗ ಕಣ್ಣಿನಲ್ಲಿ ಕೂರಲಿ. ಕತ್ತಲಾದ ಮೇಲೆ ಇದನ್ನೇ ಮತ್ತೆ ಮಾಡಿ, ಯಾಕೆಂದರೆ ಮಂಡಿಗೆ ನೀವು ಹೋಗುವುದೇ ಕತ್ತಲಲ್ಲಿ. ಚಿತ್ರ ಮಸುಕಾಗಿದ್ದರೆ ಮೊದಲು ರಿವರ್ಸ್ ಬಲ್ಬಿನ ಗಾಜು ಒರೆಸಿ. ಎಷ್ಟೋ ಗಾಡಿಗಳಲ್ಲಿ ಧೂಳು ಕೂತು ಅರ್ಧ ಬೆಳಕೇ ಹೊರಗೆ ಬರುತ್ತಿರುವುದಿಲ್ಲ. ಕೊನೆಗೆ ಡಿಕ್ಕಿ ಬಾಗಿಲನ್ನು ಇಪ್ಪತ್ತು ಸಲ ತೆಗೆದು ಮುಚ್ಚಿ. ಪ್ರತಿ ಸಲವೂ ಚಿತ್ರ ಅಲುಗದೆ ನಿಂತರೆ ಪಟ್ಟಿಗಳನ್ನು ಹಾಕಿ.