ಬಾನೆಟ್ ಅಡಿಯ 60 ಓಮ್

ಮಂಡ್ಯ ದಾಟಿ ಮೈಸೂರಿನ ಕಡೆ ಹೋಗುತ್ತಿರುವ ಕಾರು. ಇದ್ದಕ್ಕಿದ್ದ ಹಾಗೆ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ದೀಪ, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆಯ ದೀಪ, ಹತ್ತುತ್ತದೆ. ಹಿಂದೆಯೇ ಎಂಜಿನ್ ದೀಪ, ಪವರ್ ಸ್ಟೀರಿಂಗ್ ದೀಪ. ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬೀಳುತ್ತದೆ. ಕಾರು ಎಂಬತ್ತರಲ್ಲಿ ಓಡುತ್ತಲೇ ಇದೆ. ಎರಡು ಕ್ಷಣ ಬಿಟ್ಟು ಮುಳ್ಳು ಮೇಲೇಳುತ್ತದೆ. ದೀಪಗಳು ಮಾತ್ರ ಹಾಗೇ ಉಳಿಯುತ್ತವೆ.

ಬ್ರೇಕು, ಎಂಜಿನ್, ಸ್ಟೀರಿಂಗ್ ಮೂರೂ ಒಂದೇ ಗಳಿಗೆಯಲ್ಲಿ ಕೆಟ್ಟವೇ? ಹಾಗಾಗುವುದು ತೀರಾ ಅಪರೂಪ. ಗ್ಯಾರೇಜಿಗೆ ಹೋದರೆ ಸ್ಕ್ಯಾನರ್ ಹಾಕಿ ನೋಡಿ, "ಇಸಿಎಂ ಹೋಗಿದೆ ಸಾರ್, ಬದಲಾಯಿಸಬೇಕು" ಎನ್ನುವವರು ಸಿಗಬಹುದು. ಇಸಿಎಂ ಅಂದರೆ ಎಂಜಿನ್ನಿನ ಕಂಪ್ಯೂಟರ್. ಬೆಲೆ ಕೇಳಿದರೆ ಎದೆ ಝಲ್ ಎನ್ನುತ್ತದೆ. ದುಡ್ಡು ಬಿಚ್ಚುವ ಮುಂಚೆ ಬಾನೆಟ್ ಒಳಗೆ ಓಡಾಡುವ ಎರಡು ತೆಳು ತಂತಿಗಳ ವಿಷಯ ತಿಳಿದಿದ್ದರೆ ಒಳ್ಳೆಯದು. ದೀಪಗಳು ಹೀಗೆ ಗುಂಪಾಗಿ ಹತ್ತಿದಾಗ ನನ್ನ ಅನುಮಾನ ಮೊದಲು ಹೋಗುವುದು ಅವುಗಳ ಮೇಲೆ.

ಈಗಿನ ಕಾರಿನಲ್ಲಿ ಎಂಜಿನ್ನಿಗೊಂದು ಕಂಪ್ಯೂಟರ್, ಎಬಿಎಸ್‌ಗೆ ಒಂದು, ಸ್ಟೀರಿಂಗಿಗೆ ಒಂದು, ಏರ್‌ಬ್ಯಾಗಿಗೆ ಒಂದು, ಮೀಟರ್ ಬೋರ್ಡಿಗೂ ಒಂದು. ಇವು ಒಂದನ್ನೊಂದು ನಂಬಿ ಬದುಕುತ್ತವೆ. ಚಕ್ರ ಎಷ್ಟು ಜೋರಾಗಿ ತಿರುಗುತ್ತಿದೆ ಎಂದು ಅಳೆಯುವ ಸೆನ್ಸರುಗಳ ತಂತಿ ಸಾಮಾನ್ಯವಾಗಿ ಎಬಿಎಸ್ ಘಟಕಕ್ಕೆ ಹೋಗುತ್ತದೆ. ಆ ವೇಗವನ್ನು ಎಬಿಎಸ್ ಎಲ್ಲರಿಗೂ ಸಾರುತ್ತದೆ. ಅದನ್ನು ಕೇಳಿಸಿಕೊಂಡೇ ಮೀಟರ್ ಮುಳ್ಳು ಎತ್ತುತ್ತದೆ, ಸ್ಟೀರಿಂಗ್ ಎಷ್ಟು ಹಗುರ ಇರಬೇಕೆಂದು ತೀರ್ಮಾನಿಸುತ್ತದೆ. ಎಬಿಎಸ್ ಮಾತು ಕೇಳಿಸದೆ ಹೋದರೆ ಮೂರು ದೀಪ ಒಟ್ಟಿಗೆ ಹತ್ತುವುದು ಸಹಜ, ಅಲ್ವಾ?

ಇವರೆಲ್ಲ ಮಾತಾಡಿಕೊಳ್ಳುವ ವ್ಯವಸ್ಥೆಗೆ ಕಂಟ್ರೋಲರ್ ಏರಿಯಾ ನೆಟ್‌ವರ್ಕ್, ಚಿಕ್ಕದಾಗಿ 'ಕ್ಯಾನ್' ಎಂದು ಹೆಸರು. ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ಇದರ ಕೆಲಸ ಶುರು ಮಾಡಿ, 1986ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ವಾಹನ ಎಂಜಿನಿಯರುಗಳ ಮುಂದೆ ಇಟ್ಟಿತು. 1991ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸ್ ಕಾರಿಗೆ ಬಂತು. ಅದಕ್ಕೆ ಮುಂಚೆ ಪ್ರತಿ ಮಾಹಿತಿಗೂ ಬೇರೆ ಬೇರೆ ತಂತಿ ಎಳೆಯಬೇಕಿತ್ತು. ಕಾರಿಗೆ ಸೌಲಭ್ಯ ಹೆಚ್ಚಿದಷ್ಟೂ ತಂತಿಯ ಕಟ್ಟು ತೊಡೆಯ ಗಾತ್ರಕ್ಕೆ ಬೆಳೆಯುತ್ತಿತ್ತು. ಈಗ ಎಲ್ಲರಿಗೂ ಸೇರಿ ಎರಡೇ ತಂತಿ: ಒಂದು ಕ್ಯಾನ್-ಹೈ, ಇನ್ನೊಂದು ಕ್ಯಾನ್-ಲೋ. ಒಂದಕ್ಕೊಂದು ಹೆಣೆದುಕೊಂಡಿರುತ್ತವೆ.

ಯಾರೂ ಮಾತಾಡದಿದ್ದಾಗ ಎರಡರಲ್ಲೂ 2.5 ವೋಲ್ಟ್. ಮಾತಾಡುವಾಗ ಹೈ ತಂತಿ 3.5ಕ್ಕೆ ಏರುತ್ತದೆ, ಲೋ ತಂತಿ 1.5ಕ್ಕೆ ಇಳಿಯುತ್ತದೆ. ಕೇಳುವವರು ನೋಡುವುದು ಎರಡರ ನಡುವಿನ ವ್ಯತ್ಯಾಸವನ್ನಷ್ಟೇ. ಸುಮಾರು 2 ವೋಲ್ಟ್ ಅಂತರ ಇದ್ದರೆ 'ಸೊನ್ನೆ', ಅಂತರ ಇಲ್ಲದಿದ್ದರೆ 'ಒಂದು'. ಯಾಕಿಷ್ಟು ಕಷ್ಟ? ಪಕ್ಕದಲ್ಲೇ ಪೆಟ್ರೋಲ್ ಎಂಜಿನ್ನಿನ ಇಗ್ನಿಷನ್ ಕಾಯಿಲ್ ಸಾವಿರಾರು ವೋಲ್ಟ್ ಕಿಡಿ ಹಾರಿಸುತ್ತಿದೆ, ಆಲ್ಟರ್ನೇಟರ್ ತಿರುಗುತ್ತಿದೆ. ಆ ಗದ್ದಲ ಹೆಣೆದ ಎರಡೂ ತಂತಿಗಳ ಮೇಲೆ ಹೆಚ್ಚುಕಮ್ಮಿ ಸಮನಾಗಿ ಬೀಳುತ್ತದೆ. ಒಂದರಿಂದ ಇನ್ನೊಂದನ್ನು ಕಳೆದರೆ ಗದ್ದಲ ಮಾಯ. ಇಂಥ ಸರಳ ಉಪಾಯಗಳನ್ನು ಕಂಡರೆ ನನಗೆ ಎಂದೂ ಬೇಜಾರಾಗುವುದಿಲ್ಲ.

ವೇಗ ಸಾಮಾನ್ಯವಾಗಿ ಸೆಕೆಂಡಿಗೆ 5 ಲಕ್ಷ ಬಿಟ್. ಒಂದು ಬಿಟ್‌ಗೆ 2 ಮೈಕ್ರೋಸೆಕೆಂಡ್ ಮಾತ್ರ. ಈ ವೇಗದಲ್ಲಿ ತಂತಿಯ ತುದಿ ಕೂಡ ತೊಂದರೆ ಕೊಡುತ್ತದೆ. ವಿಶ್ವೇಶ್ವರಯ್ಯ ನಾಲೆಯ ಪಕ್ಕ ನಿಂತು ನೋಡಿದವರಿಗೆ ಗೊತ್ತು: ಮುಚ್ಚಿದ ತೂಬಿನ ಬಾಗಿಲಿಗೆ ಅಲೆ ಬಡಿದರೆ ಅಲ್ಲೇ ಸಾಯುವುದಿಲ್ಲ, ವಾಪಸ್ ಬಂದು ಹಿಂದಿನಿಂದ ಬರುವ ಅಲೆಯ ಜತೆ ಕಲಸಿಕೊಳ್ಳುತ್ತದೆ. ತಂತಿಯ ತುದಿಯಲ್ಲೂ ವಿದ್ಯುತ್ ಅಲೆ ಹೀಗೇ ತಿರುಗಿ ಬರುತ್ತದೆ. ಅದನ್ನು ನುಂಗಿಹಾಕಲು ಜಾಲದ ಎರಡು ತುದಿಗಳಲ್ಲೂ 120 ಓಮ್‌ನ ಒಂದೊಂದು ರೆಸಿಸ್ಟರ್ ಇಡುತ್ತಾರೆ. ಎಷ್ಟೋ ಕಾರುಗಳಲ್ಲಿ ಒಂದು ಇಸಿಎಂ ಒಳಗೇ ಇರುತ್ತದೆ. ಇನ್ನೊಂದು ಎಲ್ಲಿ ಎಂಬುದು ಮಾಡೆಲ್ಲಿನ ಮೇಲೆ ನಿಂತಿದೆ.

ಪಿಯುಸಿಯಲ್ಲಿ ಓದಿದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡು 120 ಓಮ್ ಸಮಾನಾಂತರವಾಗಿ ಸೇರಿದರೆ 60 ಓಮ್. ಸ್ಟೀರಿಂಗಿನ ಕೆಳಗೆ, ಸ್ಕ್ಯಾನರ್ ಚುಚ್ಚುವ 16 ಪಿನ್ನಿನ ಒಬಿಡಿ ಸಾಕೆಟ್ ಇದೆಯಲ್ಲ, ಅದರ 6ನೇ ಪಿನ್ ಹೈ, 14ನೇ ಪಿನ್ ಲೋ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕೆಲವು ನಿಮಿಷ ಬಿಟ್ಟು, ಸಾಧಾರಣ ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ ಈ ಎರಡರ ನಡುವೆ ಹಿಡಿಯಬೇಕು. 60ರ ಆಸುಪಾಸು ಬಂದರೆ ಮುಖ್ಯ ದಾರಿ ತುದಿಯಿಂದ ತುದಿಗೆ ಇದೆ ಎಂದರ್ಥ. 120 ಬಂದರೆ ಒಂದು ತುದಿ ಕಳಚಿದೆ: ತಂತಿ ತುಂಡಾಗಿದೆ, ಇಲ್ಲವೇ ಕಪ್ಲರ್ (ಘಟಕಕ್ಕೆ ತಂತಿ ಸಿಕ್ಕಿಸುವ ಪ್ಲಗ್) ಬಿಟ್ಟಿದೆ. ಸೊನ್ನೆಗೆ ಹತ್ತಿರ ಬಂದರೆ ಹೈ ಮತ್ತು ಲೋ ಎಲ್ಲೋ ಒಂದಕ್ಕೊಂದು ತಾಗಿವೆ. 40 ಬಂದರೆ ಯಾರೋ ಮೂರನೆಯ 120 ಓಮ್ ಸೇರಿಸಿದ್ದಾರೆ. ಬೇರೆ ಮಾಡೆಲ್ಲಿನ ಸೆಕೆಂಡ್ ಹ್ಯಾಂಡ್ ಭಾಗ ಕೂರಿಸಿದಾಗ ಹೀಗಾಗಬಹುದು. ಬ್ಯಾಟರಿ ಬಿಚ್ಚದೆ ಅಳೆದರೆ ಬರುವ ಸಂಖ್ಯೆಗೆ ಅರ್ಥವೇ ಇಲ್ಲ.

60 ಬಂತೆಂದು ಕುಣಿಯುವಂತಿಲ್ಲ. ಮುಖ್ಯ ದಾರಿಯಿಂದ ಒಂದು ಘಟಕಕ್ಕೆ ಹೋಗುವ ಕವಲು ಮಾತ್ರ ತುಂಡಾಗಿದ್ದರೆ ಮೀಟರಿನಲ್ಲಿ ಆಗಲೂ 60 ಇರುತ್ತದೆ. ತುದಿಯ ರೆಸಿಸ್ಟರುಗಳು ಎರಡೂ ಜಾಗದಲ್ಲೇ ಇವೆಯಲ್ಲ. ಹೈ ತಂತಿಯ ಹೊದಿಕೆ ಸವೆದು ಕಾರಿನ ಬಾಡಿಯ ಲೋಹಕ್ಕೆ ತಾಗಿದ್ದರೂ 60 ಬರುತ್ತದೆ, ಜಾಲ ಮಾತ್ರ ಪೂರಾ ಸತ್ತಿರುತ್ತದೆ. ಅದಕ್ಕೇ ಒಂದೊಂದು ತಂತಿಗೂ ಬಾಡಿಗೂ ನಡುವೆ ಬೇರೆಯಾಗಿ ಅಳೆಯಬೇಕು. ಆಮೇಲೆ ಬ್ಯಾಟರಿ ಹಾಕಿ, ಕೀ ಆನ್ ಮಾಡಿ ವೋಲ್ಟ್ ನೋಡಬೇಕು. ಆರೋಗ್ಯವಾಗಿದ್ದರೆ ಹೈನಲ್ಲಿ 2.6ರಿಂದ 2.7, ಲೋನಲ್ಲಿ 2.3ರಿಂದ 2.4ರಷ್ಟು ಕಾಣುತ್ತದೆ. ಮಾತು ಮೌನಗಳ ಸರಾಸರಿಯನ್ನಷ್ಟೇ ಮೀಟರ್ ತೋರಿಸುವುದರಿಂದ 3.5 ಎಂದೂ ಕಾಣುವುದಿಲ್ಲ. ಎಷ್ಟೋ ಹೊಸ ಕಾರುಗಳಲ್ಲಿ ಸಾಕೆಟ್ಟಿಗೂ ಒಳಗಿನ ಜಾಲಕ್ಕೂ ನಡುವೆ ಗೇಟ್‌ವೇ ಎಂಬ ಘಟಕ ಕೂತಿರುತ್ತದೆ. ಅಲ್ಲಿ ಸಾಕೆಟ್ಟಿನಿಂದ ಅಳೆದರೆ ಒಳಗಿನದು ಸಿಗುವುದಿಲ್ಲ. ಬಾನೆಟ್ ಎತ್ತಿ ಇಸಿಎಂ ಕಪ್ಲರಿನಲ್ಲೇ ಹಿಡಿಯಬೇಕು.

ಹಾಗಾದರೆ ಸ್ಕ್ಯಾನರ್ ದಂಡವೇ? ಅಲ್ಲ, ಅದರ ಮಾತನ್ನು ಓದುವ ಕ್ರಮ ಬೇರೆ. ಸಂಪರ್ಕದ ದೋಷಗಳಿಗೆ ಅದು ತೋರಿಸುವ ಕೋಡ್‌ಗಳು ಇಂಗ್ಲಿಷಿನ ಯು ಅಕ್ಷರದಿಂದ ಶುರುವಾಗುತ್ತವೆ. ಯು 0100 ಎಂದರೆ 'ಎಂಜಿನ್ ಕಂಪ್ಯೂಟರಿನ ಸಂಪರ್ಕ ತಪ್ಪಿದೆ', ಯು 0121 ಎಂದರೆ 'ಎಬಿಎಸ್ ಸಂಪರ್ಕ ತಪ್ಪಿದೆ'. ಯು 0100 ಎಂಬ ದೂರನ್ನು ಬರೆದಿಟ್ಟಿರುವುದು ಎಬಿಎಸ್ಸೋ ಮೀಟರ್ ಬೋರ್ಡೋ ಆಗಿರುತ್ತದೆ. ಅದು ಹೇಳುವುದು ಇಷ್ಟೇ: 'ಅವನ ದನಿ ನನಗೆ ಕೇಳಿಸಲಿಲ್ಲ.' ಅವನು ಸತ್ತಿದ್ದಾನೆ ಎಂದು ಅದು ಹೇಳಿಲ್ಲ. ಇಸಿಎಂ ಹೋಗಿದೆ ಎಂಬ ತೀರ್ಪು ಕೊಡುವುದು ಸ್ಕ್ಯಾನರ್ ಅಲ್ಲ, ಅದನ್ನು ಹಿಡಿದ ಕೈ.

ಎಲ್ಲರೂ ಒಬ್ಬನನ್ನೇ ದೂರುತ್ತಿದ್ದರೆ ಅವನ ಫ್ಯೂಸ್, ಮೇನ್ ರಿಲೇ, ಅರ್ಥ್, ಅವನಿಗೆ ಹೋಗುವ ಕವಲು ನೋಡಬೇಕು. ಎಲ್ಲರೂ ಎಲ್ಲರನ್ನೂ ದೂರುತ್ತಿದ್ದರೆ ಮುಖ್ಯ ದಾರಿ ಕೆಟ್ಟಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ದುರ್ಬಲ ಬ್ಯಾಟರಿಯ ವೋಲ್ಟ್ ಕುಸಿದು ಘಟಕಗಳು ಒಂದು ಕ್ಷಣ ಮಂಕಾದರೂ ಇಂಥ ಕೋಡ್‌ಗಳು ದಾಖಲಾಗುತ್ತವೆ. ಆದ್ದರಿಂದ ಮೊದಲು ಬ್ಯಾಟರಿ ನೋಡಿ, ಕೋಡ್ ಬರೆದಿಟ್ಟುಕೊಂಡು ಅಳಿಸಿ, ಓಡಿಸಿ, ಯಾವುದು ವಾಪಸ್ ಬರುತ್ತದೆ ಎಂದು ಕಾಯುವುದು ಸರಿಯಾದ ದಾರಿ. ಒಬಿಡಿ ಸಾಕೆಟ್ಟಿಗೆ ಅಗ್ಗದ ಟ್ರ್ಯಾಕರ್ ಸಿಕ್ಕಿಸಿದ್ದರೆ ಅದನ್ನು ಕಿತ್ತು ನೋಡುವುದಕ್ಕೆ ಖರ್ಚೇ ಇಲ್ಲ.

ಹೈ-ಲೋ ತಾಗಿಕೊಂಡಿವೆ ಎಂದು ಗೊತ್ತಾದರೆ ಹುಡುಕುವುದು ಹೇಗೆ? ಮೀಟರ್ ಹಾಗೇ ಇಟ್ಟುಕೊಂಡು ಒಂದೊಂದೇ ಘಟಕದ ಕಪ್ಲರ್ ಬಿಚ್ಚುತ್ತಾ ಹೋಗುವುದು. ಯಾವುದನ್ನು ಬಿಚ್ಚಿದಾಗ ಸಂಖ್ಯೆ ಮೇಲಕ್ಕೆ ಹಾರುತ್ತದೋ ಅಲ್ಲೇ ಗಂಟು. ಬಂದು ಹೋಗುವ ದೋಷವಾದರೆ ತಂತಿಯ ಕಟ್ಟನ್ನು ಗೇಣುಗೇಣಾಗಿ ಅಲುಗಿಸುತ್ತಾ ಮೀಟರ್ ಮೇಲೆ ಕಣ್ಣಿಡಬೇಕು. ಬೇಸರದ ಕೆಲಸ, ಆದರೆ ಫಲ ಕೊಡುತ್ತದೆ.

ಈ ತಂತಿಗಳು ಕೆಡುವುದಕ್ಕೆ ನಮ್ಮ ಸೀಮೆಯಲ್ಲಿ ಎರಡು ಕಾಲ ಇವೆ. ಒಂದು, ಭತ್ತದ ಕೊಯ್ಲಾದ ಮೇಲೆ. ಮಂಡ್ಯದ ಹಳ್ಳಿಗಳಲ್ಲಿ ಕೊಟ್ಟಿಗೆಯ ಪಕ್ಕ, ಹುಲ್ಲಿನ ಮೆದೆಯ ಹತ್ತಿರ ಕಾರು ನಿಲ್ಲಿಸುತ್ತಾರೆ. ಗದ್ದೆ ಖಾಲಿಯಾದ ಇಲಿಗೆ ಬಿಸಿ ಎಂಜಿನ್ ಒಳ್ಳೆಯ ಮನೆ. ಇಲಿಯ ಮುಂಹಲ್ಲು ಬದುಕಿರುವಷ್ಟು ದಿನ ಬೆಳೆಯುತ್ತಲೇ ಇರುತ್ತದೆ. ಏನನ್ನಾದರೂ ಕಡಿದು ಸವೆಸದೆ ಅದಕ್ಕೆ ವಿಧಿಯಿಲ್ಲ. ತಂತಿ ಪೂರ್ತಿ ತುಂಡಾದರೆ ವಾಸಿ, ಬೇಗ ಸಿಗುತ್ತದೆ. ಹೊದಿಕೆ ಮಾತ್ರ ಸುಲಿದು ಬಿಟ್ಟರೆ ಮಳೆ ಬಂದ ದಿನ ಮಾತ್ರ ಕಾಟ.

ಇನ್ನೊಂದು, ಆಯುಧಪೂಜೆ. ಮೈಸೂರಿನಲ್ಲಿ ಆವತ್ತು ತೊಳೆಯದ ಗಾಡಿ ಇರುವುದಿಲ್ಲ. ಕುಂಕುಮ, ಬಾಳೆಕಂದು, ಚಕ್ರದ ಕೆಳಗೆ ನಿಂಬೆಹಣ್ಣು, ಎಲ್ಲ ಸರಿ. ಆದರೆ ಬಾನೆಟ್ ಎತ್ತಿ ಪ್ರೆಷರ್ ಪಂಪಿನಲ್ಲಿ ಒಳಗೆ ನೀರು ಹೊಡೆಸುವುದಿದೆಯಲ್ಲ, ಅದು ಬೇಡವಾಗಿತ್ತು. ಕಪ್ಲರಿನ ರಬ್ಬರ್ ಸೀಲ್ ಸಾಧಾರಣ ಮಳೆ ತಡೆಯುತ್ತದೆ, ಆ ಒತ್ತಡವನ್ನಲ್ಲ. ಒಳಗೆ ಹೋದದ್ದು ಸೋಪು ಬೆರೆತ ನೀರು. ಅಕ್ಕಪಕ್ಕದ ಪಿನ್ನುಗಳ ನಡುವೆ 12 ವೋಲ್ಟ್. ಅಲ್ಲಿಗೆ ಪುಟ್ಟದೊಂದು ವಿದ್ಯುದ್ವಿಭಜನೆ ಶುರುವಾಯಿತು: ಪಾಸಿಟಿವ್ ಪಿನ್ನಿನ ಲೋಹ ನಿಧಾನವಾಗಿ ಕರಗಿ ಹಸಿರು ಕಿಲುಬಾಗುತ್ತದೆ. ನೀರು ತಾಮ್ರದ ಎಳೆಗಳ ಸಂದಿಯಲ್ಲಿ ಹೊದಿಕೆಯೊಳಗೇ ಹರಿದು ದೂರಕ್ಕೂ ಹೋಗುತ್ತದೆ. ಹಬ್ಬ ಮುಗಿದು ವಾರಗಳಾದ ಮೇಲೆ ದೀಪ ಹತ್ತಿದರೆ ಯಾರಿಗೆ ಆ ಸ್ನಾನ ನೆನಪಿರುತ್ತದೆ? ಟೆಸ್ಟ್ ಲ್ಯಾಂಪಿನ ಮೊನೆಯಿಂದ ತಂತಿ ಚುಚ್ಚಿ ನೋಡುವ ಅಭ್ಯಾಸವೂ ಇಂಥದ್ದೇ. ಆ ತೂತು ನೀರಿಗೆ ಬಾಗಿಲು. ಅಲ್ಲದೆ ಬಲ್ಬಿನ ಟೆಸ್ಟ್ ಲ್ಯಾಂಪ್ ಎಳೆಯುವ ಕರೆಂಟು ಈ ತಂತಿಗಳಿಗೆ ಹೇಳಿಸಿದ್ದೇ ಅಲ್ಲ.

ಮೂರನೆಯ ಕಾರಣಕ್ಕೆ ಕಾಲವಿಲ್ಲ, ಕಣ್ಣಿಗೂ ಬೀಳುವುದಿಲ್ಲ. ಕಪ್ಲರಿನ ಪಿನ್ನುಗಳಿಗೆ ಸಾಮಾನ್ಯವಾಗಿ ತವರದ ಲೇಪ ಇರುತ್ತದೆ. ಎಂಜಿನ್ ನಡುಗಿದಾಗಲೆಲ್ಲ ಗಂಡು ಪಿನ್ ಹೆಣ್ಣು ಪಿನ್ನಿನೊಳಗೆ ಕೂದಲೆಳೆಗಿಂತ ಕಡಿಮೆ ದೂರ ಹಿಂದೆ ಮುಂದೆ ಉಜ್ಜುತ್ತದೆ. ಪ್ರತಿ ಉಜ್ಜಿಗೂ ಹೊಸ ತವರ ಗಾಳಿಗೆ ತೆರೆದುಕೊಂಡು ಆಕ್ಸೈಡ್ ಆಗುತ್ತದೆ. ಆ ಪುಡಿ ಗಟ್ಟಿ, ವಿದ್ಯುತ್ತನ್ನು ಸರಿಯಾಗಿ ಬಿಡುವುದಿಲ್ಲ. ಏರ್‌ಬ್ಯಾಗಿನಂಥ ಕಡೆ ಚಿನ್ನದ ಲೇಪ ಕೊಡುವುದು ಇದಕ್ಕೇ. ಹಂಪ್ ಹಾರಿದಾಗ ಒಂದು ಕ್ಷಣ ಸಂಪರ್ಕ ಹೋಗುತ್ತದೆ, ಮತ್ತೆ ಬರುತ್ತದೆ.

ಆ ಒಂದು ಕ್ಷಣ ಸಾಕು. ಕ್ಯಾನ್ ಜಾಲದ ಪ್ರತಿ ಘಟಕವೂ ತನ್ನ ತಪ್ಪುಗಳ ಲೆಕ್ಕ ತಾನೇ ಇಡುತ್ತದೆ. ಕಳುಹಿಸಿದ ಸಂದೇಶ ಕೆಟ್ಟರೆ ಲೆಕ್ಕಕ್ಕೆ 8 ಸೇರುತ್ತದೆ, ಸರಿಯಾಗಿ ಹೋದರೆ 1 ಕಳೆಯುತ್ತದೆ. 127 ದಾಟಿದರೆ ದನಿ ತಗ್ಗಿಸುತ್ತದೆ. 255 ದಾಟಿದರೆ 'ದೋಷ ನನ್ನದೇ ಇರಬೇಕು' ಎಂದು ತಾನಾಗಿ ಜಾಲದಿಂದ ಹೊರಗೆ ಹೋಗುತ್ತದೆ. ಸಾಲಾಗಿ 32 ಸಂದೇಶ ಕೆಟ್ಟರೆ ಆಯಿತು. ಒಂದು ಸಂದೇಶಕ್ಕೆ ಮಿಲಿಸೆಕೆಂಡಿನ ಕಾಲು ಭಾಗ ಹಿಡಿಯುವ ಈ ವೇಗದಲ್ಲಿ ಅದು ಕಣ್ಣು ಮಿಟುಕಿಸುವಷ್ಟರೊಳಗೆ ಮುಗಿಯುತ್ತದೆ. ಕೆಟ್ಟವನೊಬ್ಬ ಉಳಿದವರ ಮಾತು ಹಾಳುಮಾಡದಿರಲಿ ಎಂದು ಮಾಡಿದ ಏರ್ಪಾಡು. ಘಟಕ ಸರಿಯಾಗಿದ್ದು ಅದರ ಪಿನ್ ಸಡಿಲವಾಗಿದ್ದರೂ ಹೊರಗೆ ಹೋಗುವುದು ಘಟಕವೇ. ಹೊರಗಿನಿಂದ ನೋಡುವವರಿಗೆ 'ಇಸಿಎಂ ಸತ್ತಿದೆ' ಎಂದೇ ಕಾಣುತ್ತದೆ.

ಇಸಿಎಂ ಬದಲಾಯಿಸಿದ ಮೇಲೆ ಎಷ್ಟೋ ಕಾರು ಸರಿಹೋಗುವ ಗುಟ್ಟೂ ಇಲ್ಲೇ ಇದೆ. ಹೊಸದನ್ನು ಕೂರಿಸಲು ಕಪ್ಲರ್ ಎಳೆದು ಮತ್ತೆ ಒತ್ತಬೇಕು. ಹಾಗೆ ಮಾಡುವಾಗ ಪಿನ್ನುಗಳು ಉಜ್ಜಿಕೊಂಡು ಆಕ್ಸೈಡ್ ಪುಡಿ ಕಳಚುತ್ತದೆ. ದೀಪ ಆರುತ್ತದೆ. ಹೆಸರು ಹೊಸ ಇಸಿಎಂಗೆ, ಬಿಲ್ಲು ನಮಗೆ. ಹಳೆಯದನ್ನೇ ಬಿಚ್ಚಿ ಹಾಕಿದ್ದರೂ ದೀಪ ಆರುತ್ತಿತ್ತೋ ಏನೋ, ಯಾರೂ ನೋಡಿರುವುದಿಲ್ಲ. ಕೆಲವು ವಾರ ಕಳೆದು ಪುಡಿ ಮತ್ತೆ ಕೂಡಿದಾಗ ದೀಪಗಳೂ ವಾಪಸ್.

ಆದ್ದರಿಂದ ಇಸಿಎಂ ಎಂಬ ಮಾತು ಬಂದ ಕೂಡಲೇ ನಾನು ಕೇಳುವುದು ಇಷ್ಟು: 60 ಓಮ್ ನೋಡಿದಿರಾ? ಅದರ ಕಪ್ಲರಿಗೆ 12 ವೋಲ್ಟ್ ಮತ್ತು ಅರ್ಥ್ ಸರಿಯಾಗಿ ಬರುತ್ತಿದೆಯಾ? ಪಿನ್ ಬಿಚ್ಚಿ ಕ್ಲೀನರ್ ಹೊಡೆದು, ಸಡಿಲ ಇದ್ದರೆ ಬದಲಾಯಿಸಿ, ಅದೇ ಇಸಿಎಂ ಹಾಕಿ ಓಡಿಸಿದಿರಾ? ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಆದರೆ ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವುದಿಲ್ಲ. ಕೇಳುವ ಮೊದಲೇ ನೋಡಿರುತ್ತಾರೆ. ತಂತಿ ತುಂಡಾಗಿದ್ದರೆ ಜೋಡಿಸುವ ರೀತಿಯನ್ನೂ ಗಮನಿಸಿ. ಎರಡು ತಂತಿಯ ಜೋಡಣೆ ಒಂದೇ ಜಾಗದಲ್ಲಿ ಬರಬಾರದು, ಒಂದಿಷ್ಟು ಹಿಂದೆ ಮುಂದೆ ಇರಬೇಕು. ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಬೇಕು; ಸುಮ್ನೆ ಟೇಪ್ ಸುತ್ತಿದರೆ ಬಾನೆಟ್ ಒಳಗಿನ ಬಿಸಿಗೆ ಅಂಟು ಬಿಡುತ್ತದೆ. ಕೆಲಸಕ್ಕಾಗಿ ಬಿಡಿಸಿದ ಹೆಣಿಗೆಯನ್ನು ಮತ್ತೆ ಹೆಣೆಯಬೇಕು. ಅದನ್ನು ಮರೆತರೆ 60 ಓಮ್ ಸರಿಯಾಗಿಯೇ ಬರುತ್ತದೆ, ಆದರೆ ಆ ಜಾಗದಲ್ಲಿ ಇಗ್ನಿಷನ್ನಿನ ಗದ್ದಲ ಎರಡು ತಂತಿಗೂ ಸಮನಾಗಿ ಬೀಳುವುದಿಲ್ಲ.