ಮೂಟೆಯ ಲೆಕ್ಕದಿಂದ ಮಗುವಿನ ಎತ್ತರದವರೆಗೆ: ಆಹಾರ ನೆರವನ್ನು ಅಳೆದ ಏಳು ದಶಕಗಳು

1960 ಮತ್ತು 70ರ ದಶಕಗಳಲ್ಲಿ ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ಓದಿದ ಹಲವರಿಗೆ, ಮಧ್ಯಾಹ್ನದ ಹೊತ್ತಿಗೆ ದೊಡ್ಡ ಪಾತ್ರೆಯಲ್ಲಿ ಬೇಯುತ್ತಿದ್ದ ಉಪ್ಪಿಟ್ಟು ಮತ್ತು ಬಿಸಿನೀರಿನಲ್ಲಿ ಕಲಸಿದ ಹಾಲಿನ ಪುಡಿ ಇಂದಿಗೂ ನೆನಪಿನಲ್ಲಿವೆ. ಅಮೆರಿಕದ ಸಾರ್ವಜನಿಕ ಕಾನೂನು 480, ಅಂದರೆ ಪಿಎಲ್-480ರ ಅಡಿಯಲ್ಲಿ ಬಂದ ಆ ಧಾನ್ಯವನ್ನು 'ಕೇರ್' ಎಂಬ ಸ್ವಯಂಸೇವಾ ಸಂಸ್ಥೆ ಹಂಚುತ್ತಿದ್ದುದರಿಂದ ಎಷ್ಟೋ ಊರುಗಳಲ್ಲಿ ಅದಕ್ಕೆ 'ಕೇರ್ ಉಪ್ಪಿಟ್ಟು' ಎಂಬ ಹೆಸರೇ ನಿಂತಿತು. ಇಂತಹ ನೆರವಿನ ಪ್ರತಿಯೊಂದು ಮೂಟೆಗೂ ಲೆಕ್ಕವಿತ್ತು. ಬಂದದ್ದೆಷ್ಟು, ಗೋದಾಮಿನಲ್ಲಿ ಹಾಳಾದದ್ದೆಷ್ಟು, ಉಳಿದದ್ದೆಷ್ಟು ಎಂಬುದನ್ನು 'ಸರಕು ಸ್ಥಿತಿ ವರದಿ' ಹೇಳುತ್ತಿತ್ತು. ಎಷ್ಟು ಜನರಿಗೆ ತಲುಪಿತು ಎಂಬುದನ್ನು 'ಫಲಾನುಭವಿ ಸ್ಥಿತಿ ವರದಿ' ಹೇಳುತ್ತಿತ್ತು. ಅದನ್ನು ತಿಂದ ಮಗು ಬೆಳೆಯಿತೇ ಎಂದು ಕೇಳುವ ಕಾಲಂ ಆ ಎರಡು ವರದಿಗಳಲ್ಲಿಯೂ ಇರಲಿಲ್ಲ.

ಆ ಕಾಲಂ ಸೇರಿಕೊಳ್ಳಲು ಸುಮಾರು ನಲವತ್ತು ವರ್ಷ ಬೇಕಾಯಿತು. ಅಷ್ಟು ತಡವಾದದ್ದಕ್ಕೆ ಅಳೆಯುವ ವಿದ್ಯೆಯ ಕೊರತೆಯನ್ನು ಮಾತ್ರ ಕಾರಣವೆಂದು ಹೇಳಲಾಗದು. ಲೆಕ್ಕವನ್ನು ಯಾರಿಗೆ ಒಪ್ಪಿಸಬೇಕಾಗಿತ್ತೋ ಅವರು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಸಿದ್ಧವಾಗುತ್ತಿತ್ತು ಎಂಬುದೇ ಈ ಇತಿಹಾಸದುದ್ದಕ್ಕೂ ಕಾಣುವ ಸಂಗತಿ.

1954ರ ಜುಲೈ 10ರಂದು ಅಧ್ಯಕ್ಷ ಐಸೆನ್‌ಹೋವರ್ ಸಹಿ ಹಾಕಿದ ಆ ಕಾನೂನಿನ ಮುಖ್ಯ ಚಿಂತೆ ಅಮೆರಿಕದ ಉಗ್ರಾಣಗಳಲ್ಲಿ ರಾಶಿಬಿದ್ದಿದ್ದ ಹೆಚ್ಚುವರಿ ಧಾನ್ಯವನ್ನು ಸಾಗಹಾಕುವುದು ಮತ್ತು ಅದಕ್ಕೆ ಹೊರದೇಶಗಳಲ್ಲಿ ಮಾರುಕಟ್ಟೆ ಬೆಳೆಸುವುದು. ಹಾಗಿರುವಾಗ ಧಾನ್ಯ ಹಡಗು ಹತ್ತಿದ್ದೇ ಯಶಸ್ಸಿನ ಗುರುತಾಗುತ್ತಿತ್ತು. 1961ರಲ್ಲಿ ಕೆನೆಡಿ ಇದಕ್ಕೆ 'ಶಾಂತಿಗಾಗಿ ಆಹಾರ' ಎಂಬ ಹೆಸರನ್ನು ಮುಂದಿಟ್ಟು, ಜಾರ್ಜ್ ಮೆಕ್‌ಗವರ್ನ್ ಅವರನ್ನು ಮೊದಲ ನಿರ್ದೇಶಕರನ್ನಾಗಿ ನೇಮಿಸಿದರು. ಅದೇ ವರ್ಷ, ಅಮೆರಿಕದ ವಿದೇಶಿ ನೆರವನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾಗಿ ಯುಎಸ್‌ಏಡ್ ಹುಟ್ಟಿತು. ಹೆಸರು ಬದಲಾದರೂ ಅಳತೆಗೋಲು ಟನ್ನಾಗಿಯೇ ಉಳಿಯಿತು.

ಭಾರತದ ಮಟ್ಟಿಗೆ ಆ ವರ್ಷಗಳಲ್ಲಿ ಬಹಳ ಬಿಗಿಯಾದ ಉಸ್ತುವಾರಿಯೊಂದು ನಡೆದದ್ದು ನಿಜ. ಸತತ ಎರಡು ಬರಗಾಲಗಳ ನಡುವೆ 1966ರಲ್ಲಿ ದೇಶ ಸುಮಾರು 1 ಕೋಟಿ ಟನ್ ಧಾನ್ಯವನ್ನು ಆಮದು ಮಾಡಿಕೊಂಡಾಗ, ಅಧ್ಯಕ್ಷ ಲಿಂಡನ್ ಜಾನ್ಸನ್ ದೀರ್ಘಾವಧಿಯ ಒಪ್ಪಂದವನ್ನು ನಿಲ್ಲಿಸಿ, ಗೋಧಿಯನ್ನು ಕಂತುಕಂತಾಗಿ, ತಿಂಗಳ ಲೆಕ್ಕದಲ್ಲಿ ಬಿಡುಗಡೆ ಮಾಡತೊಡಗಿದರು. ಆದರೆ ಅವರ ಕಣ್ಣಿದ್ದದ್ದು ದೆಹಲಿಯ ಕೃಷಿ ನೀತಿಯ ಮೇಲೆ, ಅದರ ಜೊತೆಗೆ ವಿಯೆಟ್ನಾಂ ಯುದ್ಧದ ಬಗ್ಗೆ ದೆಹಲಿ ಆಡುತ್ತಿದ್ದ ಮಾತಿನ ಮೇಲೆ. ಪಡಿತರ ಅಂಗಡಿಯ ಮುಂದೆ ನಿಂತವರ ಸ್ಥಿತಿ ಆ ಪರಿಶೀಲನೆಯ ವಿಷಯವಾಗಿರಲಿಲ್ಲ. ಮುಂದೆ 1974ರ ಫೆಬ್ರವರಿಯಲ್ಲಿ, ಧಾನ್ಯ ಮಾರಾಟದಿಂದ ಅಮೆರಿಕದ ಹೆಸರಿನಲ್ಲಿ ಭಾರತದಲ್ಲಿ ಜಮೆಯಾಗಿದ್ದ ರೂಪಾಯಿಗಳ ಹೊರೆಯನ್ನು ಇಳಿಸಲು ಅಮೆರಿಕದ ರಾಯಭಾರಿ ಡೇನಿಯಲ್ ಮೊಯ್ನಿಹಾನ್ 1,664 ಕೋಟಿ ರೂಪಾಯಿಗಳ ಚೆಕ್ಕನ್ನು ಭಾರತ ಸರ್ಕಾರಕ್ಕೆ ಹಸ್ತಾಂತರಿಸಿದಾಗ ಒಂದು ದೊಡ್ಡ ಹಣಕಾಸಿನ ಕಡತ ಮುಗಿಯಿತು. ಆ ಗೋಧಿಯಿಂದ ನಮ್ಮ ರೈತರಿಗೆ ಸಿಗಬೇಕಾದ ಬೆಲೆ ಕುಸಿಯಿತೇ ಎಂಬ ವಾದ ಮಾತ್ರ ಅರ್ಥಶಾಸ್ತ್ರಜ್ಞರ ನಡುವೆ ಮುಂದುವರಿಯಿತು.

ಹಾಗೆ ನೋಡಿದರೆ ಮೌಲ್ಯಮಾಪನದ ಮೊದಲ ಬೀಜ ಆ ವಾದದಲ್ಲೇ ಇತ್ತು. ಪುಕ್ಕಟೆ ಅಥವಾ ಅಗ್ಗದ ಧಾನ್ಯ ಸ್ಥಳೀಯ ಬೇಸಾಯಕ್ಕೆ ಹೊಡೆತ ಕೊಡಬಹುದು ಎಂದು ಅರ್ಥಶಾಸ್ತ್ರಜ್ಞ ಥಿಯೊಡರ್ ಶುಲ್ಟ್ಸ್ 1960ರಲ್ಲೇ ಎಚ್ಚರಿಸಿದ್ದರು. ಅಮೆರಿಕದ ಕಾನೂನು ಇದನ್ನು ಒಪ್ಪಿಕೊಂಡದ್ದು 1977ರಲ್ಲಿ. ಒಕ್ಲಹಾಮದ ಸೆನೆಟರ್, ಸ್ವತಃ ಗೋಧಿ ಬೆಳೆಗಾರರಾಗಿದ್ದ ಹೆನ್ರಿ ಬೆಲ್‌ಮನ್ ತಂದ ತಿದ್ದುಪಡಿಯ ಪ್ರಕಾರ, ಪಡೆಯುವ ದೇಶದಲ್ಲಿ ಧಾನ್ಯವನ್ನು ಕೆಡದಂತೆ ಇಡಲು ಸಾಕಷ್ಟು ಗೋದಾಮುಗಳಿವೆ ಮತ್ತು ಅಲ್ಲಿನ ಉತ್ಪಾದನೆಗೆ ಗಣನೀಯ ಹಾನಿಯಾಗುವುದಿಲ್ಲ ಎಂಬುದು ಖಚಿತವಾದ ಮೇಲೆಯೇ ಹಡಗು ಹೊರಡಬೇಕು. 'ಬೆಲ್‌ಮನ್ ವಿಶ್ಲೇಷಣೆ' ಎಂಬ ಮಾತು ಈ ಕ್ಷೇತ್ರದಲ್ಲಿ ಇಂದಿಗೂ ಬಳಕೆಯಲ್ಲಿದೆ. ಇದು ಕಳುಹಿಸುವ ಮೊದಲಿನ ಪರೀಕ್ಷೆ. ಕಳುಹಿಸಿದ ನಂತರ ಏನಾಯಿತು ಎಂಬುದರ ಪರೀಕ್ಷೆಗೆ ಇನ್ನೂ ಸಮಯವಿತ್ತು.

ಅದಕ್ಕೆ ಬೇಕಾದ ಚೌಕಟ್ಟು ಬೇರೊಂದು ದಾರಿಯಿಂದ ಬಂತು. ಯುಎಸ್‌ಏಡ್ 1969-70ರ ಹೊತ್ತಿಗೆ ತನ್ನ ಯೋಜನೆಗಳಿಗಾಗಿ 'ಲಾಗ್‌ಫ್ರೇಮ್' ಎಂಬ ಕೋಷ್ಟಕವನ್ನು ರೂಪಿಸಿಕೊಂಡಿತು. ಹಾಕಿದ್ದೇನು, ಅದರಿಂದ ಕೂಡಲೇ ಬಂದದ್ದೇನು, ಯಾವ ಬದಲಾವಣೆಗಾಗಿ ಇದೆಲ್ಲ, ಕೊನೆಯ ಗುರಿ ಯಾವುದು ಎಂಬ ನಾಲ್ಕು ಮೆಟ್ಟಿಲುಗಳನ್ನು ಅದು ಬೇರೆ ಮಾಡಿ ತೋರಿಸಿತು. ಗೋಧಿ ಮೂಟೆ ಮೊದಲ ಮೆಟ್ಟಿಲಿಗೆ ಸೇರಿದ್ದು, ಮಗುವಿನ ಆರೋಗ್ಯ ಮೇಲಿನದಕ್ಕೆ. ಆದರೂ ಆಹಾರ ನೆರವು ಬಹುಕಾಲ ಕೆಳಗಿನ ಎರಡು ಮೆಟ್ಟಿಲುಗಳಲ್ಲೇ ನಿಂತಿತ್ತು. 1984-85ರ ಇಥಿಯೋಪಿಯಾ ಕ್ಷಾಮದ ನಂತರ, 1985ರಲ್ಲಿ ಕ್ಷಾಮದ ಮುನ್ಸೂಚನೆ ಕೊಡುವ 'ಫ್ಯೂಸ್' ವ್ಯವಸ್ಥೆ ಆರಂಭವಾಗಿ, ಮಳೆ, ಬೆಳೆ ಮತ್ತು ಮಾರುಕಟ್ಟೆ ಬೆಲೆಗಳನ್ನು ಒಟ್ಟಿಗೆ ನೋಡುವ ಪದ್ಧತಿ ಬಂತು. ಅದು ಹಸಿವು ಎಲ್ಲಿ ಬರಲಿದೆ ಎಂದು ಹೇಳುತ್ತಿತ್ತೇ ಹೊರತು ನೆರವಿನಿಂದ ಹಸಿವು ಕಡಿಮೆಯಾಯಿತೇ ಎಂದು ಹೇಳುವ ಕೆಲಸ ಅದರದಾಗಿರಲಿಲ್ಲ.

ತಿರುವು ಬಂದದ್ದು 1990ರಲ್ಲಿ. ಆ ವರ್ಷದ ಅಮೆರಿಕದ ಕೃಷಿ ಕಾನೂನು ಅಭಿವೃದ್ಧಿಶೀಲ ದೇಶಗಳ ಆಹಾರ ಭದ್ರತೆಯನ್ನೇ ನೆರವಿನ ಉದ್ದೇಶವೆಂದು ಬರೆಯಿತು. ಉದ್ದೇಶ ಬದಲಾದ ಕೂಡಲೇ ಪ್ರಶ್ನೆಯೂ ಬದಲಾಯಿತು. ಅಮೆರಿಕದ ಸಂಸತ್ತಿನ ಪರವಾಗಿ ಲೆಕ್ಕಪರಿಶೋಧನೆ ಮಾಡುವ ಜಿಎಒ ಸಂಸ್ಥೆ 1993ರಲ್ಲಿ, ಈ ನೆರವಿನಿಂದ ಆಹಾರ ಭದ್ರತೆಯ ಮೇಲೆ ಏನು ಪರಿಣಾಮವಾಗಿದೆ ಎಂಬುದನ್ನು ತೋರಿಸಲು ಆಡಳಿತಕ್ಕೆ ಆಗುತ್ತಿಲ್ಲ ಎಂದು ನೇರವಾಗಿ ಹೇಳಿತು. ಸರ್ಕಾರದ ಪ್ರತಿ ಇಲಾಖೆಯೂ ತನ್ನ ಕೆಲಸದ ಫಲಿತಾಂಶವನ್ನು ತೋರಿಸಲೇಬೇಕೆಂಬ ಕಾನೂನು ಕೂಡ ಅದೇ ವರ್ಷ ಬಂತು. 1995ರಲ್ಲಿ ಯುಎಸ್‌ಏಡ್ ತನ್ನ ಹೊಸ ನೀತಿಯಲ್ಲಿ ಎರಡು ವಿಷಯಗಳಿಗೆ ಆದ್ಯತೆ ಕೊಟ್ಟಿತು: ಮನೆಮಂದಿಯ, ಅದರಲ್ಲೂ ಮಕ್ಕಳು ಮತ್ತು ತಾಯಂದಿರ ಪೌಷ್ಟಿಕತೆ, ಮತ್ತು ಸಣ್ಣ ಹಿಡುವಳಿಗಳ ಇಳುವರಿ. ಇವನ್ನು ಅಳೆಯುವ ಉಪಕರಣಗಳನ್ನು ಸಿದ್ಧಪಡಿಸಲು 1998ರಲ್ಲಿ 'ಫಾಂಟಾ' ಎಂಬ ತಾಂತ್ರಿಕ ಯೋಜನೆ ಆರಂಭವಾಯಿತು.

ಆ ಉಪಕರಣಗಳನ್ನು ಹತ್ತಿರದಿಂದ ನೋಡಬೇಕು, ಏಕೆಂದರೆ ಇಂದು ಆಹಾರ ಭದ್ರತೆಯ ಬಗ್ಗೆ ಬರುವ ಎಷ್ಟೋ ಅಂಕಿಗಳು ಇವುಗಳಿಂದಲೇ ಹುಟ್ಟುತ್ತವೆ. ಆಹಾರ ವೈವಿಧ್ಯದ ಸೂಚ್ಯಂಕವು ಹಿಂದಿನ 24 ಗಂಟೆಗಳಲ್ಲಿ ಮನೆಯಲ್ಲಿ ಏನೇನು ತಿಂದಿರಿ ಎಂದು ಕೇಳಿ, ಉತ್ತರವನ್ನು 12 ಗುಂಪುಗಳಾಗಿ ವಿಂಗಡಿಸುತ್ತದೆ. ನಮ್ಮ ಬಯಲುಸೀಮೆಯ ಒಂದು ಮನೆಯ ಊಟವನ್ನೇ ಇದಕ್ಕೆ ಹಾಕಿ ನೋಡಬಹುದು. ರಾಗಿಮುದ್ದೆಯಿಂದ ಧಾನ್ಯ, ಸಾರಿನ ಹುರುಳಿಯಿಂದ ಬೇಳೆಕಾಳು, ಅದಕ್ಕೆ ಹಾಕಿದ ಸೊಪ್ಪಿನಿಂದ ತರಕಾರಿ, ಮಜ್ಜಿಗೆಯಿಂದ ಹಾಲು ಎಂದು ನಾಲ್ಕು ಅಂಕ ಬರುತ್ತವೆ. ಒಗ್ಗರಣೆಯ ಎಣ್ಣೆಗೆ ಒಂದು, ಸಾರಿನ ಪುಡಿಗೆ ಇನ್ನೊಂದು ಸೇರಿ ಆರಾಗುತ್ತದೆ. ಅರ್ಧ ಚಮಚ ಎಣ್ಣೆಗೂ ಒಂದು ಬಟ್ಟಲು ಹುರುಳಿಗೂ ಇಲ್ಲಿ ಒಂದೇ ಬೆಲೆ. ಮುದ್ದೆ ಎಲ್ಲರಿಗೂ ಸಾಕಾಯಿತೇ, ಕೊನೆಗೆ ಉಣ್ಣುವ ಸೊಸೆಗೆ ಮಜ್ಜಿಗೆ ಉಳಿದಿತ್ತೇ ಎಂಬುದು ಈ ಆರರಲ್ಲಿ ಕಾಣುವುದಿಲ್ಲ. ಲಕ್ಷಾಂತರ ಮನೆಗಳ ಸರಾಸರಿಯಲ್ಲಿ ಈ ಅಂಕ ಉಪಯುಕ್ತ ಸುಳಿವು ಕೊಡುತ್ತದೆ ಎಂಬುದನ್ನು ಒಪ್ಪಬೇಕು. ಒಂದು ಮನೆಯ ಹಸಿವಿನ ಬಗ್ಗೆ ತೀರ್ಪು ಕೊಡಲು ಅದನ್ನು ಬಳಸಬಾರದು.

ಹಸಿವನ್ನೇ ನೇರವಾಗಿ ಕೇಳುವ ಇನ್ನೊಂದು ಅಳತೆಯಲ್ಲಿ ಮೂರೇ ಪ್ರಶ್ನೆಗಳಿವೆ. ಕಳೆದ ನಾಲ್ಕು ವಾರಗಳಲ್ಲಿ ಮನೆಯಲ್ಲಿ ತಿನ್ನಲು ಏನೂ ಇಲ್ಲದ ಸ್ಥಿತಿ ಬಂದಿತ್ತೇ, ಯಾರಾದರೂ ಹಸಿದುಕೊಂಡೇ ಮಲಗಿದರೇ, ಒಂದು ಇಡೀ ಹಗಲು ರಾತ್ರಿ ಊಟವಿಲ್ಲದೆ ಕಳೆದರೇ? ಇಷ್ಟು ಸರಳವಾದ ಪ್ರಶ್ನೆಗಳಿಗೆ ಉತ್ತರ ಕೊಡುವುದು ಸರಳವಲ್ಲ. ಅತಿಥಿಯ ಮುಂದೆ ಮನೆಯ ಬಡತನವನ್ನು ಮುಚ್ಚಿಟ್ಟುಕೊಳ್ಳುವ ಸಂಕೋಚ ಒಂದು ಕಡೆ. ಹಸಿವೆಂದು ಹೇಳಿದರೆ ಪಡಿತರ ಸಿಗಬಹುದೆಂಬ ಆಸೆ ಇನ್ನೊಂದು ಕಡೆ. ಅದಕ್ಕಿಂತ ದೊಡ್ಡ ತೊಡಕು ಕಾಲದ್ದು. ಆರಂಭದ ಸಮೀಕ್ಷೆ ಬಿತ್ತನೆಯ ಹೊತ್ತಿನಲ್ಲಿ, ಕಣಜ ಖಾಲಿಯಾಗಿರುವಾಗ ನಡೆದು, ಕೊನೆಯ ಸಮೀಕ್ಷೆ ಸುಗ್ಗಿಯ ನಂತರ ನಡೆದರೆ, ಏನೂ ಮಾಡದ ಯೋಜನೆಯೂ ಹಸಿವನ್ನು ನೀಗಿದಂತೆ ಕಾಣುತ್ತದೆ. ಎರಡು ಸಮೀಕ್ಷೆಗಳೂ ವರ್ಷದ ಒಂದೇ ಕಾಲದಲ್ಲಿ ನಡೆಯಬೇಕು ಎಂಬ ನಿಯಮ ಇದರಿಂದಲೇ ಹುಟ್ಟಿತು. ಬೇಸಾಯ ಬಲ್ಲ ಯಾವ ಹಳ್ಳಿಯವರನ್ನು ಕೇಳಿದ್ದರೂ ಈ ಮಾತನ್ನು ಮೊದಲ ದಿನವೇ ಹೇಳುತ್ತಿದ್ದರು.

ಅಳತೆ ಸುಧಾರಿಸಿದ ಮೇಲೆ ಕೆಲವು ಗಟ್ಟಿ ಉತ್ತರಗಳು ಬಂದವು. ಹೈಟಿಯ ಮಧ್ಯ ಪ್ರಸ್ಥಭೂಮಿಯಲ್ಲಿ 2002ರಿಂದ 2005ರವರೆಗೆ ನಡೆದ ಅಧ್ಯಯನವು ಎರಡು ವಿಧಾನಗಳನ್ನು ಹೋಲಿಸಿತು. ಒಂದು ಕಡೆ ತೂಕ ಕಡಿಮೆಯಾದ ಮಕ್ಕಳನ್ನು ಹುಡುಕಿ ಆಹಾರ ಕೊಡಲಾಯಿತು; ಇನ್ನೊಂದು ಕಡೆ 6ರಿಂದ 23 ತಿಂಗಳಿನ ಎಲ್ಲ ಮಕ್ಕಳಿಗೂ, ತೂಕ ಕುಸಿಯುವ ಮೊದಲೇ ಕೊಡಲಾಯಿತು. ಎರಡನೆಯ ಕಡೆ ಕುಂಠಿತ ಬೆಳವಣಿಗೆ, ಅಂದರೆ ವಯಸ್ಸಿಗೆ ತಕ್ಕ ಎತ್ತರ ಬಾರದಿರುವುದು, 4ರಿಂದ 6 ಶೇಕಡಾಂಶದಷ್ಟು ಕಡಿಮೆಯಿತ್ತು. ಸೊರಗಿದ ಮೇಲೆ ಉಪಚರಿಸುವ ಹಳೆಯ ಪದ್ಧತಿಯನ್ನು ಬದಲಿಸಲು ಇದು ಆಧಾರವಾಯಿತು. ಬಾಂಗ್ಲಾದೇಶದಲ್ಲಿ 4 ಲಕ್ಷಕ್ಕೂ ಹೆಚ್ಚು ಬಡ ಕುಟುಂಬಗಳನ್ನು ತಲುಪಿದ ಕೇರ್ ಸಂಸ್ಥೆಯ 'ಸೌಹಾರ್ದೊ' ಯೋಜನೆಯಲ್ಲಿ, 6ರಿಂದ 24 ತಿಂಗಳಿನ ಮಕ್ಕಳಲ್ಲಿ ಕುಂಠಿತ ಬೆಳವಣಿಗೆಯ ಪ್ರಮಾಣ 2006ರ ಫೆಬ್ರವರಿಯಲ್ಲಿ ಶೇ 56.1 ಇದ್ದದ್ದು 2009ರ ನವೆಂಬರ್ ವೇಳೆಗೆ ಶೇ 40.4ಕ್ಕೆ ಇಳಿಯಿತು. ಇಳಿಕೆ ಎಷ್ಟು ದೊಡ್ಡದಾಗಿತ್ತೆಂದರೆ ನಂಬುವುದೇ ಕಷ್ಟವಾಯಿತು. ಯೋಜನೆಯ ಆರಂಭದಲ್ಲಿ ಚೀಟಿ ಎತ್ತಿದಂತೆ ಹಳ್ಳಿಗಳನ್ನು ನೆರವು ಸಿಗುವ ಮತ್ತು ಸಿಗದ ಎರಡು ಗುಂಪು ಮಾಡಿರದ ಕಾರಣ, ಸಂಶೋಧಕರು ಹಲವು ವಿಧಾನಗಳಿಂದ ಸಾಕ್ಷ್ಯವನ್ನು ಕೂಡಿಸಿ ವಾದಿಸಬೇಕಾಯಿತು. ಅವರಿಗೆ ಕಂಡದ್ದರಲ್ಲಿ ಮುಖ್ಯವಾದ ಸಂಗತಿಯೆಂದರೆ, ಆಹಾರ ಮತ್ತು ಆರೋಗ್ಯ ಸೇವೆಯ ಜೊತೆಗೆ ಮಹಿಳೆಯರ ಸಬಲೀಕರಣಕ್ಕಾಗಿ ಮಾಡಿದ ಕೆಲಸವೂ ಮಕ್ಕಳ ಬೆಳವಣಿಗೆಯ ಮೇಲೆ ಪ್ರತ್ಯೇಕ ಪರಿಣಾಮ ಬೀರಿತ್ತು. ಮೂಟೆ ಎಣಿಸುತ್ತಲೇ ಇದ್ದಿದ್ದರೆ ಇದು ಎಂದಿಗೂ ತಿಳಿಯುತ್ತಿರಲಿಲ್ಲ.

ಇಷ್ಟಾದರೂ ಉಸ್ತುವಾರಿಗೆ ಹಣ ಸಾಕಾಗುತ್ತಿರಲಿಲ್ಲ. ಸಿಬ್ಬಂದಿಯ ಕೊರತೆ ಮತ್ತು ನೆರವಿನ ಹಣವನ್ನು ಈ ಕೆಲಸಕ್ಕೆ ಬಳಸಲು ಇದ್ದ ನಿರ್ಬಂಧಗಳಿಂದಾಗಿ ತುರ್ತಲ್ಲದ ಯೋಜನೆಗಳ ಮೇಲ್ವಿಚಾರಣೆ ಸರಿಯಾಗಿ ಆಗುತ್ತಿಲ್ಲ ಎಂದು ಜಿಎಒ 2007ರಲ್ಲಿ ಹೇಳಿ, 2009ರಲ್ಲಿ ಮತ್ತೆ ಅದೇ ವಿಷಯದ ಮೇಲೆ ಪ್ರತ್ಯೇಕ ವರದಿ ಕೊಟ್ಟಿತು. ಅಭಿವೃದ್ಧಿ ಕೆಲಸಕ್ಕೆ ಹಣ ಹೊಂದಿಸಲು ಸಂಸ್ಥೆಗಳು ಅಮೆರಿಕದ ಧಾನ್ಯವನ್ನು ಬಡದೇಶಗಳ ಮಾರುಕಟ್ಟೆಯಲ್ಲಿ ಮಾರುತ್ತಿದ್ದ ಪದ್ಧತಿಯನ್ನು 2011ರಲ್ಲಿ ಪರಿಶೀಲಿಸಿದ ಅದೇ ಸಂಸ್ಥೆ, ಮೂರು ವರ್ಷಗಳಲ್ಲಿ 72.2 ಕೋಟಿ ಡಾಲರ್ ಖರ್ಚು ಮಾಡಿ 50.3 ಕೋಟಿ ಡಾಲರ್ ಮಾತ್ರ ಗಳಿಸಲಾಗಿದೆ ಎಂದು ತೋರಿಸಿತು. ಉಳಿದ 21.9 ಕೋಟಿ ಡಾಲರ್ ಯಾವ ಹಸಿದ ಮನೆಯನ್ನೂ ತಲುಪಲಿಲ್ಲ. ಕೇರ್ ಸಂಸ್ಥೆ 2007ರಲ್ಲೇ ಈ ಮಾರಾಟದಿಂದ ಹಿಂದೆ ಸರಿಯುವ ನಿರ್ಧಾರ ಮಾಡಿತ್ತು, ವರ್ಷಕ್ಕೆ ಸುಮಾರು 4.5 ಕೋಟಿ ಡಾಲರ್ ನಷ್ಟವನ್ನು ಒಪ್ಪಿಕೊಂಡು. ತನ್ನದೇ ಕೆಲಸದ ಬಗ್ಗೆ ಬಂದ ಕಹಿ ತೀರ್ಮಾನಕ್ಕೆ ತಲೆಬಾಗಿದ ಸಂಸ್ಥೆಗಳು ಹೆಚ್ಚಿಲ್ಲ. ಆದ್ದರಿಂದ ಇದನ್ನು ಇಲ್ಲಿ ದಾಖಲಿಸುವುದು ನ್ಯಾಯ.

ನನ್ನ ಎಣಿಕೆಯಲ್ಲಿ ಅತ್ಯಂತ ಮುಖ್ಯವಾದ ಪ್ರಶ್ನೆ ಎಲ್ಲಕ್ಕಿಂತ ಕೊನೆಗೆ ಬಂತು: ನೆರವು ಕೊಟ್ಟವರು ಊರು ಬಿಟ್ಟ ಮೇಲೆ ಏನು ಉಳಿಯಿತು? ಕೊನೆಯ ಸಮೀಕ್ಷೆ ನಡೆಯುತ್ತಿದ್ದದ್ದು ಯೋಜನೆ ಮುಗಿಯುವ ಹೊತ್ತಿಗೆ, ಅಂದರೆ ಆಹಾರ, ತರಬೇತಿ, ಸಿಬ್ಬಂದಿ ಎಲ್ಲವೂ ಸ್ಥಳದಲ್ಲಿರುವಾಗ. ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಬೊಲಿವಿಯಾ, ಹೊಂಡುರಾಸ್, ಕೀನ್ಯಾ ಮತ್ತು ಭಾರತದಲ್ಲಿ ಮುಗಿದುಹೋಗಿದ್ದ ಯೋಜನೆಗಳ ಹಳ್ಳಿಗಳಿಗೆ ಮತ್ತೆ ಹೋಗಿ ನೋಡಿ, 2015ರಲ್ಲಿ ತಮ್ಮ ಒಟ್ಟು ವರದಿಯನ್ನು ಪ್ರಕಟಿಸಿದರು. ಯೋಜನೆ ಮುಗಿಯುವಾಗ ಕಂಡ ಯಶಸ್ಸಿನಿಂದ ಅದು ಉಳಿಯುತ್ತದೆಯೇ ಎಂಬುದನ್ನು ಊಹಿಸಲಾಗದು ಎಂಬುದು ಅವರ ಮುಖ್ಯ ತೀರ್ಮಾನ. ಪುಕ್ಕಟೆಯಾಗಿ ಕೊಟ್ಟದ್ದರ ಮೇಲೆ ನಿಂತ ಚಟುವಟಿಕೆಗಳು, ಕೊಡುವುದು ನಿಂತಾಗ ಸೊರಗಿದವು. ಹಣ ಅಥವಾ ಸಾಮಗ್ರಿ ಬರುವ ದಾರಿ, ಕೆಲಸ ಬಲ್ಲ ಜನ, ಮಾಡುವ ಮನಸ್ಸು ಈ ಮೂರೂ ಇದ್ದಲ್ಲಿ, ಮತ್ತು ಹಲವೆಡೆ ಸರ್ಕಾರದ ವ್ಯವಸ್ಥೆಯೊಂದಿಗೆ ಕೊಂಡಿ ಇದ್ದಲ್ಲಿ, ಕೆಲಸ ಉಳಿಯಿತು. ಭಾರತದಲ್ಲಿ ಕೇರ್ ನಡೆಸಿದ ಯೋಜನೆಯು ಅಂಗನವಾಡಿಗಳ ಮೂಲಕವೇ ಸಾಗುತ್ತಿದ್ದುದರಿಂದ, ಅಮೆರಿಕದ ಆಹಾರ ಹಂತಹಂತವಾಗಿ ಹಿಂದೆ ಸರಿದು 2009ರಲ್ಲಿ ಪೂರ್ಣ ನಿಂತಾಗ ಆ ಜಾಗಕ್ಕೆ ಸರ್ಕಾರದ ಆಹಾರ ಬಂತು. ಶಾಲೆಯ ಉಪ್ಪಿಟ್ಟಿನಿಂದ ಆರಂಭವಾದ ಕಥೆಗೆ ನಮ್ಮಲ್ಲಿ ಸಿಕ್ಕ ಮುಕ್ತಾಯ ಇದು. ಬೇರೆ ದೇಶಗಳಿಗೆ ಇಂತಹ ಸಿದ್ಧ ವ್ಯವಸ್ಥೆ ಇರಲಿಲ್ಲ.

ಹೊಸ ಪ್ರಶ್ನೆಗಳು ಬಂದವೆಂದು ಹಳೆಯ ಲೆಕ್ಕವನ್ನು ಬಿಡುವಂತಿಲ್ಲ ಎಂಬುದು 2023ರಲ್ಲಿ ಇಥಿಯೋಪಿಯಾದಲ್ಲಿ ಸಾಬೀತಾಯಿತು. ಹಸಿದವರಿಗೆಂದು ಕಳುಹಿಸಿದ ಧಾನ್ಯ ಮಾರುಕಟ್ಟೆಗಳಲ್ಲೂ ಹಿಟ್ಟಿನ ಗಿರಣಿಗಳಲ್ಲೂ ಪತ್ತೆಯಾದ ನಂತರ, ಯುಎಸ್‌ಏಡ್ ಮತ್ತು ವಿಶ್ವ ಆಹಾರ ಕಾರ್ಯಕ್ರಮ ಮೊದಲು ಟಿಗ್ರೆ ಪ್ರಾಂತ್ಯದಲ್ಲಿ, ಜೂನ್‌ನಲ್ಲಿ ದೇಶದಾದ್ಯಂತ ಆಹಾರ ಹಂಚಿಕೆಯನ್ನು ನಿಲ್ಲಿಸಿದವು. ಕದ್ದವರಿಗೂ ಕಳೆದುಕೊಂಡವರಿಗೂ ಒಂದೇ ಶಿಕ್ಷೆಯಾಯಿತು. ತಿಂಗಳುಗಟ್ಟಲೆ ಊಟ ತಪ್ಪಿದ್ದು ಎರಡನೆಯವರಿಗೆ ಮಾತ್ರ.

2025ರ ಜನವರಿ 20ರಂದು ಅಮೆರಿಕದ ಹೊಸ ಆಡಳಿತ ವಿದೇಶಿ ನೆರವನ್ನು ತಡೆಹಿಡಿಯಿತು. ಕ್ಷಾಮದ ಮುನ್ಸೂಚನೆ ಕೊಡುತ್ತಿದ್ದ ವ್ಯವಸ್ಥೆ ತನ್ನ ನಲವತ್ತನೆಯ ವರ್ಷದಲ್ಲಿ ತಿಂಗಳುಗಟ್ಟಲೆ ಸ್ಥಗಿತಗೊಂಡಿತು. 1984ರಿಂದ ಹತ್ತಾರು ದೇಶಗಳಲ್ಲಿ ಮಕ್ಕಳ ಎತ್ತರ ತೂಕಗಳನ್ನು ದಾಖಲಿಸುತ್ತ ಬಂದಿದ್ದ ಜನಸಂಖ್ಯೆ ಮತ್ತು ಆರೋಗ್ಯ ಸಮೀಕ್ಷೆಗಳ ಕಾರ್ಯಕ್ರಮಕ್ಕೆ ಫೆಬ್ರವರಿಯಲ್ಲಿ ಹಣ ನಿಂತಿತು. ಮಾರ್ಚ್‌ನಲ್ಲಿ ಯುಎಸ್‌ಏಡ್‌ನ ಸುಮಾರು 5,200 ಒಪ್ಪಂದಗಳನ್ನು, ಅಂದರೆ ಒಟ್ಟು ಕಾರ್ಯಕ್ರಮಗಳಲ್ಲಿ ಶೇ 83ರಷ್ಟನ್ನು ರದ್ದುಪಡಿಸಿರುವುದಾಗಿ ವಿದೇಶಾಂಗ ಕಾರ್ಯದರ್ಶಿ ಪ್ರಕಟಿಸಿದರು. ಜುಲೈ 1ರ ಹೊತ್ತಿಗೆ ಆ ಸಂಸ್ಥೆಯೇ ಮುಚ್ಚಿತು. ಆರಂಭದ ಸಮೀಕ್ಷೆ ಮುಗಿಸಿ ನಡುದಾರಿಯಲ್ಲಿ ನಿಂತ ಯೋಜನೆಗೆ ಕೊನೆಯ ಸಮೀಕ್ಷೆ ಇರುವುದಿಲ್ಲ. ಮೊದಲ ಭೇಟಿಯಲ್ಲಿ ಮನೆಮನೆಗೆ ಹೋಗಿ ಅಳೆದು ಬರೆದ ಮಕ್ಕಳ ಎತ್ತರಗಳು ಆ ಕಡತಗಳಲ್ಲಿ ಹಾಗೆಯೇ ಇವೆ, ಅವುಗಳ ಪಕ್ಕದ ಕಾಲಂ ಖಾಲಿಯಿದೆ.